ಸತ್ಯ ನುಡಿಯುವವನ ಹೊಣೆ, ಸತ್ಯ ಕೇಳುವವನ ಹೊಣೆ

ಸತ್ಯವನ್ನು ನಾವು ಬಹುಕಾಲದಿಂದ ನಾಲಗೆಯ ಗುಣವೆಂದೇ ಭಾವಿಸುತ್ತ ಬಂದಿದ್ದೇವೆ. ಹರಿಶ್ಚಂದ್ರನ ಕಥೆ ಹೇಳುವಾಗಲೂ, ಮಕ್ಕಳಿಗೆ ನೀತಿಪಾಠ ಬೋಧಿಸುವಾಗಲೂ ಸತ್ಯದ ಭಾರವನ್ನೆಲ್ಲ ನುಡಿಯುವವನ ಹೆಗಲಿಗೇ ಹೊರಿಸುತ್ತೇವೆ. ಆ ಸತ್ಯವನ್ನು ಕೇಳಿಸಿಕೊಳ್ಳುವವನಿಗೂ ಒಂದು ಧರ್ಮವುಂಟೇ? ಉಂಟಾದರೆ ಅದರ ತೂಕವೆಷ್ಟು? ಈ ಪ್ರಶ್ನೆಯನ್ನು ಪರಾಮರ್ಶಿಸಲು ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಕಾನೂನು ನಮಗೆ ತಕ್ಕ ಉದಾಹರಣೆಯಾಗಿ ತೋರಿದೆ. ವಿಷಯ ದೂರದ ದೇಶದ್ದು ನಿಜ. ಆದರೆ ರಾಜ್ಯದ ಗಡಿ ದಾಟಿದೊಡನೆ ನಿಯಮ ಬದಲಾಗುವ ಅನುಭವ ತಲಪಾಡಿಯ ಆಚೀಚೆ ಬದುಕುವ ನಮಗೆ ಹೊಸದಲ್ಲ.

ಆ ದೇಶದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಆಯುಧ ಹೊಂದುವ ಪ್ರಜೆಯ ಹಕ್ಕನ್ನು ಸಾರುತ್ತದೆ. ಮನೆಯ ಹೊರಗೂ ಆತ್ಮರಕ್ಷಣೆಗಾಗಿ ಕೈಬಂದೂಕು ಒಯ್ಯುವ ಹಕ್ಕುಂಟೆಂದು ಅಲ್ಲಿಯ ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು. ಆದರೂ ಅದನ್ನು ಹೇಗೆ ಒಯ್ಯಬೇಕು, ಯಾರು ಒಯ್ಯಬಹುದು ಎಂಬ ವಿವರಗಳು ಬಹುಪಾಲು ರಾಜ್ಯಗಳ ಕೈಯಲ್ಲಿವೆ. ಬಟ್ಟೆಯ ಮರೆಯಲ್ಲಿ ಪಿಸ್ತೂಲು ಒಯ್ಯಲು ಕೆಲವು ರಾಜ್ಯಗಳಲ್ಲಿ ಪರವಾನಗಿ ಕಡ್ಡಾಯ. ಅರ್ಧಕ್ಕಿಂತ ಹೆಚ್ಚಿನ ರಾಜ್ಯಗಳಲ್ಲಿ ಇಂದು ಪರವಾನಗಿಯೇ ಬೇಕಿಲ್ಲ. ಒಂದು ರಾಜ್ಯ ಕೊಟ್ಟ ವಾಹನ ಚಾಲನೆಯ ಪರವಾನಗಿ ಐವತ್ತು ರಾಜ್ಯಗಳಲ್ಲೂ ನಡೆಯುತ್ತದೆ. ಪಿಸ್ತೂಲಿನ ಪರವಾನಗಿ ಹಾಗೆ ನಡೆಯುವುದಿಲ್ಲ. ನೆರೆಯ ರಾಜ್ಯ ಅದನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು.

ಪಿಸ್ತೂಲು ಹೊತ್ತವನ ಕಾರನ್ನು ಪೊಲೀಸರು ರಸ್ತೆಯಲ್ಲಿ ತಡೆದು ನಿಲ್ಲಿಸಿದಾಗ ನಮ್ಮ ಪ್ರಶ್ನೆ ಹುಟ್ಟುತ್ತದೆ. ‘ನನ್ನ ಬಳಿ ಆಯುಧವಿದೆ’ ಎಂದು ಅವನು ತಾನಾಗಿ ಹೇಳಬೇಕೇ? ಮಿಷಿಗನ್, ನಾರ್ತ್ ಕೆರೊಲಿನಾ ಮೊದಲಾದ ರಾಜ್ಯಗಳಲ್ಲಿ, ಕೇಳದಿದ್ದರೂ ಹೇಳಲೇಬೇಕು. ಮಿನ್ನೆಸೋಟದಂಥ ರಾಜ್ಯಗಳಲ್ಲಿ ಅಧಿಕಾರಿ ಕೇಳಿದರೆ ಮಾತ್ರ ಹೇಳಬೇಕು. ಟೆಕ್ಸಾಸಿನಲ್ಲಿ ಗುರುತಿನ ಚೀಟಿ ಕೇಳಿದಾಗ ಅದರೊಡನೆ ಆಯುಧದ ಪರವಾನಗಿಯನ್ನೂ ತೋರಿಸಬೇಕು. ಒಹಾಯೊ ರಾಜ್ಯದಲ್ಲಿ ತಡಮಾಡದೆ ತಾನಾಗಿ ತಿಳಿಸಬೇಕೆಂಬ ನಿಯಮ 2022ರವರೆಗೆ ಇತ್ತು. ಆ ವರ್ಷ ಅದನ್ನು ತೆಗೆದು, ಕೇಳಿದಾಗ ಹೇಳಿದರೆ ಸಾಕೆಂದು ಬದಲಿಸಿದರು. ಹೀಗೆ, ಒಂದು ರಾಜ್ಯದಲ್ಲಿ ಅಪರಾಧವೆನಿಸುವ ಮೌನ ಪಕ್ಕದ ರಾಜ್ಯದಲ್ಲಿ ನಿರ್ದೋಷವಾದ ಮೌನ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ನೆರೆಯ ಕೊಡಗಿನಲ್ಲಿ ಕೋವಿ ಹೆಗಲ ಮೇಲಿರುತ್ತದೆ; ಕೈಲ್ ಪೊಳ್ದ್ ಹಬ್ಬದಂದು ಹೂವಿಟ್ಟು ಪೂಜೆಗೊಳ್ಳುತ್ತದೆ. ಅದು ಕಣ್ಣಿಗೆ ಕಾಣುವ ಆಯುಧ. ಅಮೆರಿಕದ ಪಿಸ್ತೂಲು ಮರೆಯಲ್ಲಿರುವಂಥದ್ದು. ಕಣ್ಣು ಮಾಡಬೇಕಾದ ಕೆಲಸವನ್ನು ಅಲ್ಲಿ ಮಾತು ಮಾಡಬೇಕಾಗಿದೆ. ಸಾರ್ವಜನಿಕರಿಂದ ಮರೆಮಾಚುವ ಹಕ್ಕನ್ನೂ, ಪೊಲೀಸನಿಗೆ ತೆರೆದು ಹೇಳುವ ಕರ್ತವ್ಯವನ್ನೂ ಕಾನೂನು ಒಬ್ಬನೇ ಮನುಷ್ಯನಿಗೆ ಒಟ್ಟಿಗೇ ಕೊಟ್ಟಿದೆ. ಹಾಗಾಗಿ ಆ ಒಂದು ವಾಕ್ಯ ಹೇಗೆ ನುಡಿಯಲ್ಪಡುತ್ತದೆ, ಹೇಗೆ ಕೇಳಲ್ಪಡುತ್ತದೆ ಎಂಬುದರ ಮೇಲೆ ಪ್ರಾಣವೇ ನಿಂತಿದೆ.

ಎರಡು ಘಟನೆಗಳನ್ನು ನೋಡೋಣ. 2013ರಲ್ಲಿ ಫಿಲಡೆಲ್ಫಿಯಾ ನಗರದ ಒಬ್ಬ ಯುವ ತಾಯಿ ಪಕ್ಕದ ನ್ಯೂ ಜೆರ್ಸಿ ರಾಜ್ಯದಲ್ಲಿ ಕಾರು ಓಡಿಸುತ್ತಿದ್ದರು. ಸಣ್ಣದೊಂದು ಸಂಚಾರ ನಿಯಮದ ಉಲ್ಲಂಘನೆಗಾಗಿ ಪೊಲೀಸರು ತಡೆದಾಗ, ತನ್ನಲ್ಲಿ ಪಿಸ್ತೂಲಿದೆ, ಪರವಾನಗಿಯೂ ಇದೆ ಎಂದು ಆಕೆ ತಾನಾಗಿಯೇ ತಿಳಿಸಿದರು. ಪರವಾನಗಿ ಪೆನ್ಸಿಲ್ವೇನಿಯ ರಾಜ್ಯದ್ದು. ನ್ಯೂ ಜೆರ್ಸಿ ಅದನ್ನು ಮಾನ್ಯ ಮಾಡುವುದಿಲ್ಲ. ಆಕೆಯ ಬಂಧನವಾಯಿತು. ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದು, ವರ್ಷಗಳ ಕಡ್ಡಾಯ ಸೆರೆವಾಸದ ಭೀತಿಯನ್ನು ಎದುರಿಸಿ, ಕೊನೆಗೆ 2015ರಲ್ಲಿ ರಾಜ್ಯಪಾಲರ ಕ್ಷಮಾದಾನ ಪಡೆದರು. ಆಕೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ಆಕೆಯ ಮೇಲಿನ ಮೊಕದ್ದಮೆಗೆ ಆಧಾರವಾದದ್ದು ಆಕೆಯ ಪ್ರಾಮಾಣಿಕತೆಯೇ.

ಇನ್ನೊಂದು ಘಟನೆ ಇದಕ್ಕಿಂತ ದಾರುಣ. ಫಿಲಾಂಡೋ ಕ್ಯಾಸ್ಟೀಲ್ ಎಂಬ ಮೂವತ್ತೆರಡು ವರ್ಷದ ಕಪ್ಪು ಜನಾಂಗದ ವ್ಯಕ್ತಿ ಮಿನ್ನೆಸೋಟದ ಸೇಂಟ್ ಪಾಲ್ ನಗರದ ಒಂದು ಶಾಲೆಯಲ್ಲಿ ಮಕ್ಕಳ ಊಟದ ವಿಭಾಗದ ಮೇಲ್ವಿಚಾರಕರಾಗಿದ್ದರು. 2016ರ ಜುಲೈ 6ರ ರಾತ್ರಿ, ಫಾಲ್ಕನ್ ಹೈಟ್ಸ್ ಎಂಬಲ್ಲಿ ಪೊಲೀಸರು ಅವರ ಕಾರನ್ನು ನಿಲ್ಲಿಸಿದರು. ಬ್ರೇಕ್ ದೀಪ ಉರಿಯುತ್ತಿಲ್ಲವೆಂಬುದು ಹೇಳಿದ ಕಾರಣ. ದರೋಡೆಯೊಂದರ ಶಂಕಿತನನ್ನು ಹೋಲುತ್ತಾರೆಂಬ ಅನುಮಾನ ಹೇಳದ ಕಾರಣ. ಕಾರಿನಲ್ಲಿ ಅವರ ಗೆಳತಿ ಮತ್ತು ಆಕೆಯ ನಾಲ್ಕು ವರ್ಷದ ಮಗಳಿದ್ದರು. ಅಧಿಕಾರಿ ಪರವಾನಗಿ ಮತ್ತು ವಿಮೆಯ ಪತ್ರ ಕೇಳಿದರು. ವಿಮೆಯ ಪತ್ರ ಕೊಟ್ಟ ಬಳಿಕ ಕ್ಯಾಸ್ಟೀಲ್ ಶಾಂತವಾಗಿ, ಗೌರವದಿಂದ, ತನ್ನ ಬಳಿ ಬಂದೂಕಿದೆಯೆಂದು ತಿಳಿಸಿದರು. ಅವರಲ್ಲಿ ಅದಕ್ಕೆ ಪರವಾನಗಿಯಿತ್ತು. ಕೇಳುವ ಮೊದಲೇ ಹೇಳಬೇಕೆಂಬ ನಿರ್ಬಂಧ ಆ ರಾಜ್ಯದಲ್ಲಿರಲಿಲ್ಲ. ಅದನ್ನು ತೆಗೆಯಬೇಡವೆಂದು ಅಧಿಕಾರಿ ಹೇಳಿದರು. ತೆಗೆಯುತ್ತಿಲ್ಲವೆಂದು ಇವರು ಹೇಳಿದರು. ಕ್ಷಣಗಳಲ್ಲಿ ಏಳು ಗುಂಡುಗಳು ಹಾರಿದವು. ಮರುವರ್ಷ ನ್ಯಾಯದರ್ಶಿ ಮಂಡಳಿ ಆ ಅಧಿಕಾರಿಯನ್ನು ನಿರ್ದೋಷಿಯೆಂದು ಘೋಷಿಸಿತು.

ಸತ್ಯ ನುಡಿದದ್ದರಿಂದ ಅನರ್ಥವಾಗುವ ಪ್ರಸಂಗವನ್ನು ಹಿಂದಿನವರು ಚಿಂತಿಸಿಲ್ಲವೆಂದಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವ್ರತನಾದ ಕೌಶಿಕನು, ಅಡಗಿಕೊಂಡವರ ಜಾಡನ್ನು ದರೋಡೆಕೋರರಿಗೆ ತೋರಿಸಿ ನರಕಕ್ಕೆ ಹೋದನು. ಅದಕ್ಕೆ ವಿರುದ್ಧವಾಗಿ ಜರ್ಮನಿಯ ದಾರ್ಶನಿಕ ಕಾಂಟ್ 1797ರಲ್ಲಿ ಬರೆದ ಪ್ರಬಂಧದಲ್ಲಿ, ಕೊಲೆಗಾರನು ಬಂದು ಕೇಳಿದರೂ ಸುಳ್ಳಾಡುವ ಹಕ್ಕು ನಮಗಿಲ್ಲವೆಂದು ವಾದಿಸಿದನು. ಆದರೆ ಈ ಎರಡು ಚಿಂತನೆಗಳಲ್ಲೂ ಕೇಳುವವನು ದುಷ್ಟ, ಅಪಾಯವಿರುವುದು ಮೂರನೆಯವನಿಗೆ. ನಮ್ಮ ಮುಂದಿರುವ ಪ್ರಸಂಗವೇ ಬೇರೆ. ಇಲ್ಲಿ ಕೇಳುವವನು ದರೋಡೆಕೋರನಲ್ಲ, ಪ್ರಭುತ್ವದ ಪ್ರತಿನಿಧಿ. ಅಪಾಯವಿರುವುದು ನುಡಿದವನಿಗೇ. ಆದ್ದರಿಂದ ‘ಸುಳ್ಳಾಡಬಹುದೇ’ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಸುಳ್ಳಾಡಬಾರದು ಎಂಬುದನ್ನು ಒಪ್ಪಿಯೇ ಮುಂದುವರಿಯೋಣ. ಸತ್ಯವನ್ನು ಆಜ್ಞಾಪಿಸುವವನು ಅದಕ್ಕೆ ಪ್ರತಿಯಾಗಿ ಏನನ್ನು ಕೊಡಬೇಕು ಎಂಬುದೇ ಪ್ರಶ್ನೆ.

ಅಧಿಕಾರಿಯ ಪಕ್ಷವನ್ನೂ ನ್ಯಾಯವಾಗಿ ತೂಗಬೇಕು. ಅಪರಿಚಿತ ಕಾರು, ಕತ್ತಲೆ, ಕಿಟಕಿಯೊಳಗೆ ಕಾಣದ ಕೈಗಳು. ಹೀಗೆ ತಡೆಯಲು ಹೋಗಿ ಪ್ರಾಣ ಕಳೆದುಕೊಂಡ ಪೊಲೀಸರೂ ಆ ದೇಶದಲ್ಲಿದ್ದಾರೆ. ಅವರ ರಕ್ಷಣೆಯ ದೃಷ್ಟಿಯಿಂದಲೇ ಅಲ್ಲಿಯ ಸುಪ್ರೀಂ ಕೋರ್ಟು 1977ರಲ್ಲಿ, ನಿಲ್ಲಿಸಿದ ವಾಹನದ ಚಾಲಕನನ್ನು ಕೆಳಗಿಳಿಯಲು ಆಜ್ಞಾಪಿಸುವ ಅಧಿಕಾರ ಪೊಲೀಸರಿಗುಂಟೆಂದು ಹೇಳಿತು. ತಾನಾಗಿ ತಿಳಿಸಬೇಕೆಂಬ ನಿಯಮದ ಉದ್ದೇಶವೂ ಭಯವನ್ನು ಕಡಿಮೆ ಮಾಡುವುದೇ. ಆಯುಧ ಹೊತ್ತವನು ತನ್ನ ಹಕ್ಕಿನೊಡನೆ ಇತರರ ಭಯಕ್ಕೂ ಹೊಣೆಯಾಗುತ್ತಾನೆ. ನೆರೆರಾಜ್ಯಕ್ಕೆ ಕಾಲಿಡುವ ಮುನ್ನ ಅಲ್ಲಿಯ ಕಾನೂನನ್ನು ತಿಳಿಯುವುದೂ ಅವನ ಕರ್ತವ್ಯ. ಇದನ್ನೆಲ್ಲ ನಾವು ಒಪ್ಪುತ್ತೇವೆ.

ಆದರೆ ಭಯಪಡುವುದು ಬೇರೆ, ಭಯದ ಕೈಗೆ ವಿವೇಕವನ್ನು ಒಪ್ಪಿಸುವುದು ಬೇರೆ. ಅಪರಾಧ ಮಾಡಹೊರಟವನು ತನ್ನಲ್ಲಿ ಪಿಸ್ತೂಲಿದೆಯೆಂದು ಮೊದಲೇ ವಿನಯದಿಂದ ತಿಳಿಸುವುದು ಸಹಜವಲ್ಲ. ತಿಳಿಸುವ ಆ ಮಾತೇ ಸದ್ಭಾವದ ಕುರುಹು. ಅದನ್ನು ಬೆದರಿಕೆಯೆಂದು ಕೇಳುವ ಕಿವಿ ಮಾತನ್ನು ಕೇಳಿಸಿಕೊಂಡಿಲ್ಲ. ‘ಬಂದೂಕು’ ಎಂಬ ಒಂದು ಪದವನ್ನು ಮಾತ್ರ ಹೆಕ್ಕಿಕೊಂಡಿದೆ. ನುಡಿದವನ ಮೈಬಣ್ಣವನ್ನು ನೋಡಿ ಆ ಪದದ ಅರ್ಥ ನಿರ್ಧಾರವಾಗುವುದಾದರೆ, ಒಂದೇ ಸತ್ಯ ಒಬ್ಬನಿಗೆ ಸೌಜನ್ಯ, ಮತ್ತೊಬ್ಬನಿಗೆ ಮೃತ್ಯು. ಆ ದೇಶದ ಕಪ್ಪು ಜನರು ಈ ಘಟನೆಯಲ್ಲಿ ಕಂಡು ನೊಂದದ್ದು ಇದನ್ನೇ.

ಪುಣ್ಯಕೋಟಿಯ ಕಥೆಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕೆನಿಸುತ್ತದೆ. ಹಸುವಿನ ಸತ್ಯವನ್ನು ನಾವೆಲ್ಲ ಕೊಂಡಾಡುತ್ತೇವೆ. ಆದರೆ ಹಸು ಮರಳಿ ಬಂದು ತನ್ನ ಸತ್ಯವನ್ನು ಸಿದ್ಧಪಡಿಸುವುದಕ್ಕೆ ಮೊದಲು, ಹಸಿದ ಹುಲಿ ಅದರ ಮಾತನ್ನು ಕೇಳಿ ಬಿಟ್ಟುಕೊಟ್ಟಿತಲ್ಲ! ಕೊಲ್ಲುವ ಶಕ್ತಿಯಿದ್ದೂ ಆ ಒಂದು ಗಳಿಗೆ ತಡೆದು ನಿಂತಿತು. ಅರ್ಬುತನು ಕಿವಿಗೊಡದೆ ಎರಗಿದ್ದರೆ ಪುಣ್ಯಕೋಟಿಯ ಸತ್ಯ ಕಾಡಿನಲ್ಲೇ ಮುಗಿಯುತ್ತಿತ್ತು. ನಮ್ಮ ಮಕ್ಕಳಿಗೆ ಹಾಡಾಗಿ ದೊರೆಯುತ್ತಿರಲಿಲ್ಲ. ಬಲವಿರುವವನ ತಾಳ್ಮೆಯು ಬಲವಿಲ್ಲದವನ ಸತ್ಯಕ್ಕೆ ನೆಲೆ.

ಅಧ್ಯಾಪಕ ವೃತ್ತಿಯಲ್ಲಿ ಬಾಳು ಸವೆಸಿದವರಿಗೆಲ್ಲ ಇದು ತಿಳಿದ ವಿಷಯ. ‘ಗಾಜು ಒಡೆದವರು ಯಾರು?’ ಎಂದು ಕೇಳುವ ಮೇಷ್ಟರ ಕೈಯಲ್ಲಿ ಬೆತ್ತ ಎತ್ತಿಯೇ ಇದ್ದರೆ, ಎದ್ದು ನಿಂತ ಹುಡುಗನಿಗೆ ಮೊದಲ ಪೆಟ್ಟು ಬೀಳುತ್ತದೆ; ಉಳಿದ ನಲವತ್ತು ಮಂದಿ ಮೌನದ ಪಾಠ ಕಲಿಯುತ್ತಾರೆ. ಆಮೇಲೆ ಸತ್ಯದ ಮೇಲೆ ಎಷ್ಟು ಪದ್ಯ ಬಾಯಿಪಾಠ ಮಾಡಿಸಿದರೂ ಅದು ಪರೀಕ್ಷೆಯ ಅಂಕಗಳಿಗೆ ಮಾತ್ರ. ಹೇಳಿದ ಹುಡುಗನಿಗೂ ಗಾಜಿನ ಬೆಲೆಯ ಹೊಣೆಯಿರಲಿ. ಆದರೆ ಹೇಳಿದ್ದಕ್ಕಾಗಿ ಶಿಕ್ಷೆಯಾಗಬಾರದು. ನ್ಯೂ ಜೆರ್ಸಿಯ ಆ ತಾಯಿಯ ವಿಷಯದಲ್ಲೂ ಕಾನೂನು ಇಷ್ಟು ವಿವೇಚನೆ ತೋರಲು ಒಂದೂವರೆ ವರ್ಷ ಹಿಡಿಯಿತು.

ಐವತ್ತು ರಾಜ್ಯಗಳ ನಿಯಮಗಳನ್ನೂ ಒಂದೇ ಮಾಡಿದರೆ ಸಮಸ್ಯೆ ತೀರುವುದೆಂದು ಕೆಲವರ ವಾದ. ಒಂದು ರಾಜ್ಯದ ಪರವಾನಗಿಯನ್ನು ಎಲ್ಲ ರಾಜ್ಯಗಳೂ ಮಾನ್ಯ ಮಾಡಬೇಕೆಂಬ ಮಸೂದೆ 2017ರ ಡಿಸೆಂಬರಿನಲ್ಲಿ ಅಲ್ಲಿಯ ಕೆಳಮನೆಯಲ್ಲಿ ಅಂಗೀಕೃತವಾಯಿತು, ಮೇಲ್ಮನೆಯನ್ನು ದಾಟಲಿಲ್ಲ. ತಮ್ಮ ಬೀದಿಗಳಲ್ಲಿ ಯಾರು ಆಯುಧ ಹೊರಬೇಕೆಂದು ತಾವೇ ನಿರ್ಧರಿಸುತ್ತೇವೆನ್ನುವ ರಾಜ್ಯಗಳ ಮಾತಿನಲ್ಲೂ ಹುರುಳಿದೆ. ಗಡಿ ದಾಟಿದರೆ ಅಬಕಾರಿ ನಿಯಮ ಬೇರೆ, ವಾಹನ ತೆರಿಗೆ ಬೇರೆ, ಕಚೇರಿಯ ಭಾಷೆ ಬೇರೆಯಾಗುವ ಕಷ್ಟವನ್ನು ನಾವು ಬಲ್ಲೆವು. ಎಲ್ಲವನ್ನೂ ಒಂದೇ ಅಚ್ಚಿಗೆ ಎರಕ ಹೊಯ್ದರೆ ಸಣ್ಣವರ ದನಿ ಅಡಗುವುದೆಂಬುದನ್ನೂ ಬಲ್ಲೆವು. ಕ್ಯಾಸ್ಟೀಲರು ಮಡಿದದ್ದಂತೂ ಅವರ ಪರವಾನಗಿ ಸಲ್ಲುವ ಸ್ವಂತ ರಾಜ್ಯದಲ್ಲೇ. ಆದ್ದರಿಂದ ಏಕರೂಪದ ಕಾನೂನು ಪೂರ್ಣ ಉತ್ತರವಲ್ಲ.

ಉತ್ತರದ ಒಂದು ಎಳೆ ಟೆಕ್ಸಾಸಿನಲ್ಲಿ ಕಾಣಿಸುತ್ತದೆ. 2017ರ ಅಲ್ಲಿಯ ಒಂದು ಶಾಸನವು, ಪೊಲೀಸರು ವಾಹನ ತಡೆದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಪೊಲೀಸರಿಗೂ ಕಲಿಸಬೇಕೆಂದು ವಿಧಿಸಿತು. ಇಬ್ಬರಿಗೂ ಪಾಠ ಎಂಬುದೇ ಇದರ ಸಾರ. ನಮ್ಮ ಊರುಗಳಿಂದ ಅಮೆರಿಕಕ್ಕೆ ಹೋಗಿ ನೆಲಸಿದ ಮಕ್ಕಳಿಗೂ ಇದು ಪರಕೀಯ ವಿಷಯವಲ್ಲ. ಪೊಲೀಸರು ಕೈ ತೋರಿದರೆ ಕಾಗದಪತ್ರ ಹಿಡಿದು ಇಳಿದು ಅವರ ಬಳಿಗೆ ಹೋಗುವುದು ನಮ್ಮಲ್ಲಿ ವಿನಯ. ಅಲ್ಲಿ ಹಾಗೆ ಇಳಿದು ಬರುವುದೇ ಅಪಾಯದ ಸೂಚನೆ. ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ಕಾರಿನಲ್ಲೇ ಕುಳಿತಿರಬೇಕು. ಒಂದೇ ವರ್ತನೆಗೆ ಎರಡು ಅರ್ಥವಿರುವಾಗ, ಅರ್ಥ ಮಾಡಿಕೊಳ್ಳುವ ಶ್ರಮ ಒಬ್ಬನ ಪಾಲಿಗೆ ಮಾತ್ರ ಬರಬಾರದು.

ಭಾರತದ 1959ರ ಆಯುಧ ಕಾಯಿದೆಯ 19ನೆಯ ಕಲಮಿನಂತೆ, ಆಯುಧ ಹೊತ್ತವನ ಪರವಾನಗಿಯನ್ನು ಕೇಳಿ ನೋಡುವ ಅಧಿಕಾರ ಪೊಲೀಸರಿಗಿದೆ. ಅಧಿಕಾರಕ್ಕೆ ಕೇಳುವ ಹಕ್ಕು ಎಲ್ಲ ದೇಶಗಳಲ್ಲೂ ಉಂಟು. ಆದರೆ ಯಾವ ಹುದ್ದೆಯಲ್ಲಿ ಕುಳಿತಿರಲಿ, ಮತ್ತೊಬ್ಬನಿಂದ ಸತ್ಯವನ್ನು ಬಯಸುವವನು ಆ ಸತ್ಯವನ್ನು ನುಡಿದವನಿಗೆ ನುಡಿದ ಕಾರಣದಿಂದಲೇ ಕೇಡಾಗದಂತೆ ಕಾಯುವ ಹೊಣೆಯನ್ನು ಹೊತ್ತೇ ಕೇಳಬೇಕು. ಆ ಹೊಣೆಯನ್ನು ಹೊರಲಾರದವನಿಗೆ, ಜನ ಮೌನವಾಗಿದ್ದಾರೆಂದು ದೂರುವ ಅಧಿಕಾರವಿಲ್ಲ. ಮನೆಯಲ್ಲಿ ಮಕ್ಕಳ ಮುಂದೆ, ಕಚೇರಿಯಲ್ಲಿ ಕೆಳಗಿನವರ ಮುಂದೆ, ಸಂಘದಲ್ಲಿ ಭಿನ್ನಮತೀಯರ ಮುಂದೆ ನಾವು ಎಂಥ ಕೇಳುಗರಾಗಿದ್ದೇವೆ ಎಂಬುದನ್ನು ಈ ಸಮ್ಮೇಳನದ ಸಂದರ್ಭದಲ್ಲಿ ನಾವೆಲ್ಲರೂ ವಿಚಾರಿಸಿಕೊಳ್ಳುವುದು ಉಚಿತವೆಂದು ಭಾವಿಸುತ್ತೇವೆ.