ಕೈ ತಾತನದು, ಲಿಂಗ ಗುರುವಿನದು

ನಂಜನಗೂಡು ಸೀಮೆಯ ಹೆಡತಲೆಯಂಥ ಊರುಗಳಲ್ಲಿ ತೊಟ್ಟಿಲ ಬಳಿ ನೆರೆದ ಹಿರಿಯರು ಕೂಸನ್ನು ನೋಡಿದೊಡನೆ, "ಮೂಗು ತಾತನದೇ" ಎಂದೋ "ಕಿರುಬೆರಳು ತಾತನ ಹಾಗೆಯೇ ಬಾಗಿದೆ" ಎಂದೋ ನುಡಿಯುವುದುಂಟು. ತಾತನು ಲಿಂಗೈಕ್ಯನಾಗಿ ವರ್ಷಗಳು ಸಂದಿದ್ದರೂ ಆ ಮಾತಿಗೆ ಮನೆಯವರ ಕಣ್ಣು ತೇವವಾಗುವುದು. ಕೂಸು ಬೆಳೆದು ದೊಡ್ಡವನಾದ ಮೇಲೆ, ತಾನೆಂದೂ ಕಾಣದ ತಾತನನ್ನು ತನ್ನ ಕೈಯಲ್ಲಿಯೇ ಕಂಡು ನಂಟನ್ನು ಬೆಸೆದುಕೊಳ್ಳುವನು. ದೀಕ್ಷೆಯಿಂದ ಪೂರ್ವಾಶ್ರಯವು ಅಳಿಯಿತೆಂದು ನಂಬಿದ ಭಕ್ತನಿಗೆ ಈ ನಂಟು ಸಲ್ಲುವುದೆ? ಅಥವಾ ಇದು ಬರಿಯ ದೇಹಮೋಹವೆ? ವಿಚಾರಿಸಿ ನೋಡೋಣ.

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಯೂರೋಪಿನ ಬ್ರನ್ ನಗರದ ಕ್ರೈಸ್ತ ಮಠದ ಸನ್ಯಾಸಿ ಗ್ರೆಗರ್ ಮೆಂಡೆಲನು ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ ಪರೀಕ್ಷಿಸಿ, ಕಂಡುದನ್ನು ೧೮೬೬ರಲ್ಲಿ ಪ್ರಕಟಿಸಿದನು. ಎತ್ತರದ ಗಿಡವನ್ನೂ ಗಿಡ್ಡ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯೆಲ್ಲ ಎತ್ತರವಾಗಿಯೇ ಬೆಳೆಯಿತು. ಮುಂದಿನ ಪೀಳಿಗೆಯಲ್ಲಿ ಸುಮಾರು ನಾಲ್ಕರಲ್ಲೊಂದು ಗಿಡ ಮತ್ತೆ ಗಿಡ್ಡವಾಗಿ ಮೂಡಿತು. ಮಗನಲ್ಲಿ ಅಡಗಿದುದು ಮೊಮ್ಮಗನಲ್ಲಿ ತೋರಬಹುದೆಂಬುದಕ್ಕೆ ಇದೇ ಸೂತ್ರ. ಮನುಷ್ಯನ ಮೂಗು, ಮೈಬಣ್ಣಗಳ ಲೆಕ್ಕ ಬಟಾಣಿಯಷ್ಟು ಸರಳವಲ್ಲ. ಅಲ್ಲಿ ಅನೇಕ ಅಂಶಗಳು ಕೂಡಿ ಕೆಲಸಮಾಡುತ್ತವೆ. ಆದರೂ ತಾಯಿತಂದೆಗಳಿಂದ ಅರ್ಧರ್ಧ, ನಾಲ್ವರು ತಾತ ಅಜ್ಜಿಯರಲ್ಲಿ ಒಬ್ಬೊಬ್ಬರಿಂದ ಸರಾಸರಿ ನಾಲ್ಕರಲ್ಲೊಂದು ಪಾಲು ನಮಗೆ ಬಂದಿರುತ್ತದೆ.

ಹೀಗಿರಲು "ಇದು ನಮ್ಮ ಮನೆತನದ ಚಹರೆ" ಎಂಬ ಹೆಮ್ಮೆಗೆ ಎಡೆಯೆಲ್ಲಿ? ಹೆಡತಲೆಯ ಲಕ್ಷ್ಮೀಕಾಂತ ದೇವಾಲಯದ ಹದಿನಾರು ಮುಖದ ಚಾವಡಿಯನ್ನು ನಾಯಕನೊಬ್ಬನು ತನ್ನ ಹದಿನಾರು ಅಳಿಯಂದಿರಿಗಾಗಿ ಕಟ್ಟಿಸಿದನೆಂದು ಐತಿಹ್ಯವುಂಟು. ತಾತನ ಚಹರೆಯು ಹೆಣ್ಣುಮಕ್ಕಳೊಡನೆ ಹದಿನಾರು ಮನೆಗಳಿಗೂ ಹೋಗಬಲ್ಲುದು. ಅದು ಒಂದೇ ಹೊಸಿಲೊಳಗೆ ನಿಲ್ಲುವ ಸ್ವತ್ತಲ್ಲ.

ಇನ್ನೊಂದು ಮಾತು. ಹೋಲಿಕೆಯನ್ನು ಕೊಂಡಾಡುವ ನಾಲಿಗೆಯೇ ಹೋಲದ ಕೂಸನ್ನು ಕಂಡು "ಇದು ಯಾರಂತೆಯೂ ಇಲ್ಲವಲ್ಲ" ಎಂದುಬಿಡುತ್ತದೆ. ಬಾಣಂತಿಯ ಎದೆಗೆ ಆ ಮಾತು ಅಲಗಿನಂತೆ ನಾಟುವುದು. ದತ್ತುಬಂದ ಮಗುವು ತನ್ನ ಮುಖದಲ್ಲಿ ಯಾರನ್ನು ಹುಡುಕಬೇಕು? ೧೨ನೆಯ ಶತಮಾನದಲ್ಲಿ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರನ್ನೇ ತಮ್ಮ ಹಿರಿಯರೆಂದು ಸಾರಿಕೊಂಡರು. ಅವರು ಅಲ್ಲಿ ಮೂಗನ್ನು ಹೋಲಿಸಿ ನೋಡಲಿಲ್ಲ, ಭಕ್ತಿಯನ್ನು ನೋಡಿದರು. ಹೋಲಿಕೆಯಿಂದ ಬರುವ ನಂಟು ಒಂದು ಬಗೆ; ನಡೆಯಿಂದ ಗಳಿಸುವ ನಂಟು ಅದಕ್ಕಿಂತ ಹಿರಿದು.

ಹಾಗಾದರೆ ತಾತನ ಬೆರಳನ್ನು ನೋಡಿ ಕರಗುವ ಮನಸ್ಸು ತಪ್ಪೆ? ತಪ್ಪಲ್ಲ. ನಮ್ಮಲ್ಲಿ ಲಿಂಗೈಕ್ಯನಾದವನ ಇಷ್ಟಲಿಂಗವು ಅವನ ಕರಸ್ಥಲದಲ್ಲಿಯೇ ಸಮಾಧಿಯನ್ನು ಸೇರುತ್ತದೆ. ಹೊಲಗದ್ದೆಯಂತೆ ಅದು ಮೊಮ್ಮಗನ ಪಾಲಿಗೆ ಇಳಿಯುವುದಿಲ್ಲ. ಅವನ ಲಿಂಗವನ್ನು ಅವನಿಗೆ ಗುರುವೇ ಕರುಣಿಸಬೇಕು. ಆದರೆ ಆ ಲಿಂಗವನ್ನು ಧರಿಸುವ ಅಂಗೈ, ಆ ಬಾಗಿದ ಕಿರುಬೆರಳು ತಾತನಿಂದ ಬಂದಿರಬಹುದು. ಪೂರ್ವಾಶ್ರಯವಳಿಯಿತೆಂದರೆ ಕುಲದ ಅಭಿಮಾನವಳಿಯಿತೆಂದು ಅರ್ಥವೇ ಹೊರತು ಕೃತಜ್ಞತೆ ಅಳಿಯಿತೆಂದಲ್ಲ. ಕೈ ತಾನಾಗಿ ಬಂದಿತು. ಆ ಕೈಯ ಕಾಯಕ, ಆ ಕೈಯ ದಾಸೋಹ ತಾವಾಗಿ ಬರಲಾರವು. ಅವನ್ನು ನಾವು ದುಡಿದು ತರಬೇಕು.

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಕೂಡಿ ತನ್ನ ಹೆಸರನ್ನು ನೀಗುತ್ತಾಳೆ. ನೀರು ಮಾತ್ರ ಮುಂದಿನ ಗದ್ದೆಗಳಿಗೆ ಹರಿಯುತ್ತಲೇ ಇರುತ್ತದೆ. ಆದುದರಿಂದ ಮನೆಯ ಹಿರಿಯರು ಕೂಸಿನ ಮೂಗನ್ನು ತೋರಿಸಿ ಸುಮ್ಮನಾಗದಿರಲಿ. ಆ ತಾತನು ಬರಗಾಲದಲ್ಲಿ ಕಣಜವನ್ನು ತೆರೆದಿದ್ದರೆ ಅದನ್ನೂ ಹೇಳಲಿ. ತೆರೆಯದೆ ಮುಚ್ಚಿಟ್ಟಿದ್ದರೆ ಅದನ್ನೂ ಮರೆಮಾಚದಿರಲಿ. ತಾತನನ್ನು ಹೋಲುವ ಮಗುವೂ ಹೋಲದ ಮಗುವೂ ಒಂದೇ ಚಾಪೆಯ ಮೇಲೆ ಕುಳಿತು ಆ ಮಾತನ್ನು ಕೇಳಲಿ.