ದನಿಗೆ ಬಣ್ಣವುಂಟೆ?

1966ರ ಜನವರಿಯಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಹೊಸ ಗಾಯಕನೊಬ್ಬನ ಮೊದಲ ರೆಕಾರ್ಡನ್ನು ಹೊರತಂದಿತು. ಹೊಸಬರ ರೆಕಾರ್ಡನ್ನು ರೇಡಿಯೋ ಕೇಂದ್ರಗಳಿಗೆ ಕಳಿಸುವಾಗ ಜೊತೆಯಲ್ಲಿ ಅವರ ಭಾವಚಿತ್ರವನ್ನೂ ಕಳಿಸುವುದು ಆ ಉದ್ಯಮದ ರೂಢಿ. ಈ ಸಲ ಚಿತ್ರ ಹೋಗಲಿಲ್ಲ, ಹೆಸರು ಮಾತ್ರ ಹೋಯಿತು: ಕಂಟ್ರಿ ಚಾರ್ಲಿ ಪ್ರೈಡ್. ರೆಕಾರ್ಡು ಹಾಕಿದವರಿಗೂ ಮನೆಯಲ್ಲಿ ಕೂತು ಕೇಳಿದವರಿಗೂ ಇವನು ತಮ್ಮವನೇ ಎಂಬುದರಲ್ಲಿ ಅನುಮಾನ ಹುಟ್ಟಲಿಲ್ಲ. ಆ ದನಿಯ ಒಡೆಯ ಕಪ್ಪು ಮನುಷ್ಯ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ಅಷ್ಟರಲ್ಲಿ ಹಾಡು ಅವರ ಮನಸ್ಸಿನೊಳಗೆ ಹೊಕ್ಕಾಗಿತ್ತು.

ಇದನ್ನು ಏನೆಂದು ಕರೆಯಬೇಕು? ಮೋಸವೆಂದೇ? ಜಾಣತನವೆಂದೇ? ಅಥವಾ ಬದುಕಲು ಬೇರೆ ದಾರಿ ಕಾಣದವನ ಅನಿವಾರ್ಯ ಉಪಾಯವೆಂದೇ? ಒಬ್ಬ ಗಾಯಕನ ವೃತ್ತಿಜೀವನದ ಮೊದಲ ಪುಟದಲ್ಲಿರುವ ಈ ಸಣ್ಣ ಸಂಗತಿಯನ್ನು ನಾವು ಇಲ್ಲಿ ಎತ್ತಿಕೊಂಡಿರುವುದು, ಅದರೊಳಗೆ ಅಷ್ಟೇನೂ ಸಣ್ಣದಲ್ಲದ ನೈತಿಕ ಪ್ರಶ್ನೆಯೊಂದು ಅಡಗಿರುವುದರಿಂದ.

ಕಂಟ್ರಿ ಸಂಗೀತವೆಂದರೆ ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗಾಡಿನ ಹಾಡುಗಾರಿಕೆ. ಹೊಲ, ರೈಲು, ಕುಡಿತ, ಮುರಿದ ಪ್ರೀತಿ, ಬಿಟ್ಟುಬಂದ ಮನೆ ಇವೇ ಅದರ ವಸ್ತು. ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರ ಅದರ ರಾಜಧಾನಿ. 1925ರಿಂದ ಅಲ್ಲಿ ಪ್ರಸಾರವಾಗುತ್ತಿರುವ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೋ ಕಾರ್ಯಕ್ರಮವೇ ಅದರ ದೊಡ್ಡ ವೇದಿಕೆ. ಇದು ಬಿಳಿಯರ ಸಂಗೀತ ಎಂಬುದು ಹಿಂದಿನಿಂದ ಬಂದ ನಂಬಿಕೆ. ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಈ ಸಂಗೀತದ ಗುರುತಿನಂತಿರುವ ಬ್ಯಾಂಜೋ ವಾದ್ಯದ ಮೂಲ, ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಬಂದವರ ನೆನಪಿನಲ್ಲಿದೆ. ಆಪ್ರಿಯ ಮೊದಲ ವರ್ಷಗಳ ಅಚ್ಚುಮೆಚ್ಚಿನ ಕಲಾವಿದರಲ್ಲಿ ಡಿಫೋರ್ಡ್ ಬೇಲಿ ಎಂಬ ಕಪ್ಪು ಮೌತ್ ಆರ್ಗನ್ ವಾದಕನಿದ್ದ. 1941ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಆಮೇಲೆ ಅವನು ಅದೇ ಊರಿನಲ್ಲಿ ಬೂಟು ಪಾಲಿಷ್ ಅಂಗಡಿ ಇಟ್ಟು ಬದುಕಿದ. ಒಬ್ಬರು ಕಟ್ಟಿದ ಮನೆಯನ್ನು ಮತ್ತೊಬ್ಬರ ಹೆಸರಿಗೆ ಬರೆಸಿ, ಕಟ್ಟಿದವನ ಮೊಮ್ಮಗ ಬಾಗಿಲಿಗೆ ಬಂದಾಗ ‘ನೀನ್ಯಾರು?’ ಎಂದು ಕೇಳುವುದು ಚರಿತ್ರೆಯಲ್ಲಿ ಹೊಸತಲ್ಲ.

ಚಾರ್ಲಿ ಪ್ರೈಡ್ ಹುಟ್ಟಿದ್ದು 1934ರ ಮಾರ್ಚ್ 18ರಂದು, ಮಿಸಿಸಿಪ್ಪಿ ರಾಜ್ಯದ ಸ್ಲೆಡ್ಜ್ ಎಂಬ ಪುಟ್ಟ ಊರಿನಲ್ಲಿ. ತಂದೆ ಪಾಲುಗೇಣಿಗೆ ಹತ್ತಿ ಬೆಳೆಯುತ್ತಿದ್ದವರು. ಹನ್ನೊಂದು ಮಕ್ಕಳ ಸಂಸಾರ. ಬೆಳಿಗ್ಗೆಯಿಂದ ಹತ್ತಿ ಬಿಡಿಸಿ ದಣಿದ ಮೈಗೆ ರಾತ್ರಿ ಸಿಗುತ್ತಿದ್ದ ಸುಖವೆಂದರೆ ತಂದೆಯ ರೇಡಿಯೋದಲ್ಲಿ ಬರುತ್ತಿದ್ದ ಆಪ್ರಿ. ಬಸ್ಸಿನಲ್ಲಿ, ಶಾಲೆಯಲ್ಲಿ, ಹೋಟೆಲಿನಲ್ಲಿ ಕಪ್ಪು ಬಿಳಿಯರನ್ನು ಬೇರೆ ಬೇರೆ ಕೂರಿಸುತ್ತಿದ್ದ ಕಾನೂನು ರೇಡಿಯೋದ ಅಲೆಗಳಿಗೆ ಬೇಲಿ ಹಾಕಲು ಆಗಲಿಲ್ಲ. ಹುಡುಗ ಆ ಹಾಡುಗಳನ್ನೇ ಕಲಿತ. ಹದಿನಾಲ್ಕನೆಯ ವಯಸ್ಸಿಗೆ ಅಂಚೆ ಮೂಲಕ ತರಿಸಿಕೊಂಡ ಹತ್ತು ಡಾಲರಿನ ಗಿಟಾರನ್ನು ತಾನಾಗಿಯೇ ನುಡಿಸಲು ಕಲಿತ. ಅವನ ಕಿವಿಗೆ ಅದು ‘ಅವರ’ ಸಂಗೀತವಾಗಿರಲಿಲ್ಲ, ಅಪ್ಪ ಕೇಳುತ್ತಿದ್ದ ಸಂಗೀತವಾಗಿತ್ತು.

ಹತ್ತಿಯ ಹೊಲದಿಂದ ಪಾರಾಗಲು ಅವನು ಕಂಡುಕೊಂಡ ದಾರಿ ಬೇಸ್‌ಬಾಲ್. ಕಪ್ಪು ಆಟಗಾರರಿಗೆಂದೇ ಇದ್ದ ಲೀಗುಗಳಲ್ಲಿ ಮೆಂಫಿಸ್ ರೆಡ್ ಸಾಕ್ಸ್ ಮುಂತಾದ ತಂಡಗಳಿಗೆ ಚೆಂಡು ಎಸೆದ. ಒಮ್ಮೆ ಅವನನ್ನೂ ಇನ್ನೊಬ್ಬ ಆಟಗಾರನನ್ನೂ ಒಂದು ತಂಡ ಮತ್ತೊಂದಕ್ಕೆ ಕೊಟ್ಟು, ಬದಲಿಗೆ ತಂಡದ ಓಡಾಟಕ್ಕೊಂದು ಬಸ್ಸು ಪಡೆದುಕೊಂಡಿತಂತೆ. ಈ ಮಾತನ್ನು ಆತ ಮುಂದೆ ನಗುತ್ತಲೇ ಹೇಳುತ್ತಿದ್ದ. 1960ರಲ್ಲಿ ಉತ್ತರದ ಮೊಂಟಾನಾ ರಾಜ್ಯಕ್ಕೆ ಹೋಗಿ, ಹಗಲು ಲೋಹ ಕರಗಿಸುವ ಕಾರ್ಖಾನೆಯಲ್ಲಿ ದುಡಿದು, ಆ ಕಾರ್ಖಾನೆಯ ತಂಡಕ್ಕೆ ಆಡಿದ. ಆಟಕ್ಕೆ ಮುಂಚೆ ಮೈದಾನದಲ್ಲಿ ಹಾಡಿದರೆ ಹತ್ತು ಡಾಲರ್ ಹೆಚ್ಚಿಗೆ ಸಿಗುತ್ತಿತ್ತು. ಅಲ್ಲಿಗೆ ಬಂದಿದ್ದ ಇಬ್ಬರು ಹೆಸರಾಂತ ಗಾಯಕರು ಅವನ ಹಾಡು ಕೇಳಿ ನ್ಯಾಶ್‌ವಿಲ್‌ಗೆ ಹೋಗಲು ಹೇಳಿದರು. ಆರ್‌ಸಿಎಯ ಚೆಟ್ ಆಟ್ಕಿನ್ಸ್ ಅವನೊಂದಿಗೆ ಒಪ್ಪಂದ ಮಾಡಿಕೊಂಡ. ಒರಟು ಹಳ್ಳಿ ಸಂಗೀತಕ್ಕೆ ಪಿಟೀಲುಗಳ ಮೇಳವನ್ನೂ ಹಿನ್ನೆಲೆ ಗಾಯಕರನ್ನೂ ಸೇರಿಸಿ, ಪೇಟೆಯ ಪಾಪ್ ಕೇಳುಗರಿಗೂ ಹಿಡಿಸುವಂತೆ ನಯಗೊಳಿಸಿದವರಲ್ಲಿ ಮುಖ್ಯನಾದವನು ಈ ಆಟ್ಕಿನ್ಸ್.

ಆಮೇಲಿನ ಕತೆ ಯಶಸ್ಸಿನದು. 1969ರಲ್ಲಿ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನ. 1971ರಲ್ಲಿ ‘ಕಿಸ್ ಆ್ಯನ್ ಏಂಜೆಲ್ ಗುಡ್ ಮಾರ್ನಿಂಗ್’ ಎಂಬ ಹಾಡು ಕಂಟ್ರಿಯ ಗಡಿ ದಾಟಿ ಪಾಪ್ ಪಟ್ಟಿಗೂ ಏರಿತು. ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅವನನ್ನು ವರ್ಷದ ಶ್ರೇಷ್ಠ ಕಲಾವಿದನೆಂದು ಆರಿಸಿತು. ಒಟ್ಟು 29 ಹಾಡುಗಳು ಮೊದಲ ಸ್ಥಾನ ಕಂಡವು. 2000ದಲ್ಲಿ ಕಂಟ್ರಿ ಸಂಗೀತದ ‘ಹಾಲ್ ಆಫ್ ಫೇಮ್’ಗೆ ಸೇರಿದ ಮೊದಲ ಕಪ್ಪು ಕಲಾವಿದ ಅವನೇ.

ಈಗ ಮೊದಲ ಪ್ರಶ್ನೆಗೆ ಬರೋಣ. ಚಿತ್ರ ಕಳಿಸದಿದ್ದದ್ದು ಮೋಸವೇ? ಮೋಸವೆಂದರೆ ಕೊಡಬೇಕಾದ್ದನ್ನು ಕೊಡದೆ ಬೇರೇನನ್ನೋ ಕೊಡುವುದು. ಇಲ್ಲಿ ಕೇಳುಗನಿಗೆ ಬೇಕಾದದ್ದು ಹಾಡು, ಅವನಿಗೆ ಸಿಕ್ಕಿದ್ದೂ ಹಾಡೇ. ಅದರ ತೂಕದಲ್ಲಿ ಕಡಿತವಿರಲಿಲ್ಲ. ಮುಚ್ಚಿಟ್ಟದ್ದು ಹಾಡಿಗೆ ಸಂಬಂಧವಿಲ್ಲದ ಒಂದು ಸಂಗತಿ. ಆದರೆ ಅದು ಗೊತ್ತಾಗಿದ್ದರೆ ಕೇಳುಗ ಹಾಡನ್ನೇ ಕೇಳುತ್ತಿರಲಿಲ್ಲ. ಹಾಗಿದ್ದ ಮೇಲೆ ಸುಳ್ಳು ಇದ್ದದ್ದು ಎಲ್ಲಿ? ಆ ಲಕೋಟೆಯಲ್ಲೋ, ಅದನ್ನು ಬಿಚ್ಚುವವನ ಕಿವಿಯಲ್ಲೋ? ನಮ್ಮ ದೃಷ್ಟಿಯಲ್ಲಿ ತಪ್ಪು ಚಿತ್ರ ಬಚ್ಚಿಟ್ಟವರದ್ದಕ್ಕಿಂತ, ಬಚ್ಚಿಡಬೇಕಾದ ಸ್ಥಿತಿಯನ್ನು ತಂದಿಟ್ಟವರದ್ದು ದೊಡ್ಡದು. ಆದರೂ ಒಂದು ಮಾತನ್ನು ಮರೆಯಬಾರದು. ಬಚ್ಚಿಟ್ಟದ್ದು ಒಬ್ಬ ಮನುಷ್ಯನ ಮುಖವನ್ನು. ತನ್ನ ದನಿ ಊರೂರಲ್ಲಿ ಮೆರೆಯುತ್ತಿರುವಾಗ ತನ್ನ ಮುಖ ಮಾತ್ರ ಹಿಂದೆ ಉಳಿಯಬೇಕು ಎಂಬುದನ್ನು ಒಪ್ಪಿಕೊಳ್ಳುವುದು ಸುಲಭದ ಬೆಲೆಯಲ್ಲ.

ಮುಖ ಎಂದಾದರೂ ಹೊರಗೆ ಬರಲೇಬೇಕಲ್ಲ? ಡೆಟ್ರಾಯಿಟ್ ನಗರದ ಒಲಿಂಪಿಯಾ ಕ್ರೀಡಾಂಗಣದಲ್ಲಿ ಹತ್ತು ಸಾವಿರದಷ್ಟು ಜನ ಸೇರಿದ್ದ ಕಛೇರಿ ಪ್ರೈಡ್‌ನ ದೊಡ್ಡ ಪರೀಕ್ಷೆಯಾಯಿತು. ಹೆಸರು ಕೂಗಿದಾಗ ಚಪ್ಪಾಳೆಯೋ ಚಪ್ಪಾಳೆ. ಆತ ಬೆಳಕಿಗೆ ಬಂದದ್ದೇ ತಡ, ಆ ಚಪ್ಪಾಳೆ ನಿಂತುಹೋಯಿತು. ಆಗ ಆತ ಒಂದು ತಮಾಷೆ ಮಾಡಿದ. ಕಂಟ್ರಿ ಹಾಡಲು ಬಂದವನ ಮೈಮೇಲೆ ಬಿಸಿಲಿಗೆ ಕಂದಿದ, ಎಂದೂ ಮಾಸದ ಬಣ್ಣವಿರುವುದು ನಿಮಗೆ ವಿಚಿತ್ರ ಅನಿಸಬಹುದು ಎಂಬರ್ಥದ ಮಾತು. ಜನ ನಕ್ಕರು. ಹಾಡು ಶುರುವಾಯಿತು. ಮುಂದೆಯೂ ಈ ತಮಾಷೆ ಅವನಿಗೆ ಕೈಹಿಡಿಯಿತು.

ಈ ನಗೆಯ ಬಗ್ಗೆ ನಾವು ಸ್ವಲ್ಪ ನಿಂತು ಯೋಚಿಸಬೇಕು. ಆ ಮೌನದಲ್ಲಿ ತಪ್ಪಿತಸ್ಥರು ಯಾರು? ಕುರ್ಚಿಯಲ್ಲಿ ಕೂತವರು. ಆ ಮೌನವನ್ನು ಮುರಿಯುವ ಕೆಲಸ ಯಾರ ಪಾಲಿಗೆ ಬಂತು? ನಿಂತವನ ಪಾಲಿಗೆ. ಅವರ ಮುಜುಗರವನ್ನು ತೊಳೆಯಲು ಆತ ತನ್ನ ಮೈಬಣ್ಣವನ್ನೇ ನಗೆಗೆ ಒಡ್ಡಿದ. ಬಹುಸಂಖ್ಯಾತರ ನಡುವೆ ಬದುಕುವ ಅಲ್ಪಸಂಖ್ಯಾತನಿಗೆ ಇದು ದಿನನಿತ್ಯದ ಸಂಬಳವಿಲ್ಲದ ಚಾಕರಿ: ತನ್ನಿಂದ ಭಯವಿಲ್ಲ ಎಂದು ಎದುರಿನವರಿಗೆ ಖಾತರಿ ಮಾಡಿಕೊಡುತ್ತಲೇ ಇರುವುದು. ಇದರ ಸಣ್ಣ ರೂಪ ಕನ್ನಡದಲ್ಲಿ ಬರೆಯುವ ಮುಸ್ಲಿಮರಿಗೂ ಗೊತ್ತು. ‘ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!’ ಎಂದು ಸಭೆಯಲ್ಲಿ ಮೆಚ್ಚುವವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ಹುಟ್ಟಿದ ಊರಿನ ಭಾಷೆಯನ್ನು ಚೆನ್ನಾಗಿ ಆಡುವುದು ಸೋಜಿಗವಾಗುವುದು ಹೇಗೆ ಎಂದು ಕೇಳಲು ಬಾಯಿ ಬರುವುದಿಲ್ಲ, ನಕ್ಕು ಸುಮ್ಮನಾಗುತ್ತೇವೆ. ಪ್ರೈಡ್‌ಗೂ ಎರಡೂ ಕಡೆಯಿಂದ ಇದೇ ಪ್ರಶ್ನೆ. ನಮ್ಮ ಹಾಗೆ ಹೇಗೆ ಹಾಡುತ್ತೀ ಎಂದು ಬಿಳಿಯರು, ಅವರ ಹಾಗೆ ಯಾಕೆ ಹಾಡುತ್ತೀ ಎಂದು ಕರಿಯರು. ಮೊದಮೊದಲು ತನ್ನನ್ನು ಮೊದಲ ‘ಕಲರ್ಡ್’ ಗಾಯಕ ಎಂದರು, ಆಮೇಲೆ ಮೊದಲ ‘ನೀಗ್ರೋ’, ಆಮೇಲೆ ಮೊದಲ ‘ಬ್ಲ್ಯಾಕ್’, ಕೊನೆಗೆ ಮೊದಲ ‘ಆಫ್ರಿಕನ್ ಅಮೆರಿಕನ್’ ಎಂದರು, ಬದಲಾದದ್ದು ಅಷ್ಟು ಮಾತ್ರ ಎಂಬರ್ಥದಲ್ಲಿ ಆತ ಒಮ್ಮೆ ಹೇಳಿದ್ದುಂಟು. ತಮಾಷೆಯ ಕೆಳಗಿನ ದಣಿವು ಈ ಮಾತಿನಲ್ಲಿ ಕೇಳಿಸುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದದ್ದು. ಆತ ಪ್ರಸಿದ್ಧನಾದ ವರ್ಷಗಳು ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟ ಬೀದಿಯಲ್ಲಿದ್ದ ವರ್ಷಗಳು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಮೆಂಫಿಸ್‌ನಲ್ಲಿ ಕೊಂದರು. ಆ ಊರು ಪ್ರೈಡ್ ಚೆಂಡು ಎಸೆದ ಊರು. ಆದರೆ ಅವನ ಹಾಡುಗಳಲ್ಲಿ ಆ ಬೆಂಕಿಯ ಹೊಗೆ ಕೂಡ ಕಾಣುವುದಿಲ್ಲ. ತಾನು ಬರೀ ಚಾರ್ಲಿ ಪ್ರೈಡ್, ಅಮೆರಿಕದವನು, ಕೇಳುಗರಿಂದ ತನಗೆ ಎಂದೂ ಅವಮಾನವಾಗಿಲ್ಲ ಎಂದೇ ಆತ ಹೇಳುತ್ತ ಬಂದ. ಇದು ಹೇಡಿತನವೇ?

ಹಾಗೆನ್ನುವುದು ಸುಲಭ. ಆದರೆ ಅದೇ ಕಾಲದಲ್ಲಿ ಅದೇ ವೇದಿಕೆಯಲ್ಲಿ ಹಾಡುತ್ತಿದ್ದ ಬಿಳಿಯ ಗಾಯಕರಲ್ಲಿ ಎಷ್ಟು ಮಂದಿಯನ್ನು ನಾವು ಈ ಪ್ರಶ್ನೆ ಕೇಳುತ್ತೇವೆ? ಅವರು ಪ್ರೇಮಗೀತೆ ಹಾಡಿದರೆ ಅದು ಕಲೆ, ಇವನು ಹಾಡಿದರೆ ಜವಾಬ್ದಾರಿಯಿಂದ ತಪ್ಪಿಸಿಕೊಂಡದ್ದು. ಪೆಟ್ಟು ತಿಂದವನಿಂದ ಮಾತ್ರ ಧೈರ್ಯವನ್ನು ಬೇಡುವ ನ್ಯಾಯ ಅರೆ ನ್ಯಾಯ. ಅನ್ಯಾಯದ ವಿರುದ್ಧ ಮಾತಾಡುವ ಕರ್ತವ್ಯ ಎಲ್ಲರದ್ದು, ಅದರಿಂದ ಲಾಭ ಪಡೆದವರದ್ದು ಇನ್ನೂ ಹೆಚ್ಚಿನದು. ಕಪ್ಪು ಮನುಷ್ಯನಿಗೂ ಮುಂಜಾನೆಯ ಮುತ್ತಿನ ಬಗ್ಗೆ ಹಾಡುವ ಹಕ್ಕಿದೆ. ಅವನು ಸದಾ ತನ್ನ ಗಾಯವನ್ನೇ ಹಾಡಬೇಕು ಎನ್ನುವುದೂ ಒಂದು ಬಗೆಯ ಪಂಜರವೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ನೋಡಬೇಕು. ಲಿಂಡಾ ಮಾರ್ಟೆಲ್ ಎಂಬ ಕಪ್ಪು ಗಾಯಕಿ 1969ರಲ್ಲಿ ಆಪ್ರಿಯ ವೇದಿಕೆ ಏರಿದಳು. ಆ ವೇದಿಕೆಯಲ್ಲಿ ಒಬ್ಬಳೇ ನಿಂತು ಹಾಡಿದ ಮೊದಲ ಕಪ್ಪು ಹೆಣ್ಣು ಆಕೆ. ಅವಳ ಹಾಡುಗಳನ್ನು ಹೊರತಂದ ಕಂಪನಿಯ ಹೆಸರು ‘ಪ್ಲಾಂಟೇಷನ್ ರೆಕಾರ್ಡ್ಸ್’. ಗುಲಾಮರು ಬೆವರು ನೆತ್ತರು ಸುರಿಸಿದ ತೋಟಗಳಿಗಿದ್ದ ಹೆಸರದು. 1970ರಲ್ಲಿ ಒಂದು ಆಲ್ಬಂ ಬಂತು. ಅಷ್ಟೇ. ಕೆಲವೇ ವರ್ಷಗಳಲ್ಲಿ ಆಕೆ ಆ ರಂಗದಿಂದಲೇ ಮರೆಯಾದಳು. ಪ್ರೈಡ್ ಕೀರ್ತಿಯ ತುದಿಯಲ್ಲಿದ್ದ ಕಾಲವೇ ಇದು. ಬಾಗಿಲು ಅವನಿಗೆ ತೆರೆಯಿತು, ಅವನ ಹಿಂದೆಯೇ ಮುಚ್ಚಿಕೊಂಡಿತು. ‘ನಮ್ಮಲ್ಲಿ ಭೇದವಿಲ್ಲ, ನೋಡಿ, ಪ್ರೈಡ್ ಇದ್ದಾನಲ್ಲ!’ ಎನ್ನಲು ಉದ್ಯಮಕ್ಕೆ ಒಂದು ಹೆಸರು ಸಿಕ್ಕಿತು. ಒಬ್ಬನಿಗೆ ಹೊದಿಸಿದ ಶಾಲು ಸಾವಿರ ಜನರ ಅರ್ಜಿಯನ್ನು ಮುಚ್ಚುವ ಬಟ್ಟೆಯಾಗುವುದು ಹೀಗೆ. ಇದು ಪ್ರೈಡ್‌ನ ತಪ್ಪಲ್ಲ. ಆದರೆ ಅವನ ಮೌನ ಆ ಬಟ್ಟೆಯನ್ನು ಎಳೆದು ತೆಗೆಯಲಿಲ್ಲ ಎಂಬುದೂ ನಿಜ. ಅವನ ಮೇಲಿನ ಗೌರವಕ್ಕಾಗಿ ಈ ನಿಜವನ್ನು ನುಂಗಬೇಕಾಗಿಲ್ಲ.

ಹಾಗಾದರೆ ಬರೀ ಹಾಡಿನಿಂದ ಏನೂ ಆಗುವುದಿಲ್ಲವೇ? ಇದಕ್ಕೆ ಉತ್ತರ ಹುಡುಕಲು ಪ್ರೈಡ್‌ನ ಬೆನ್ನು ಹಿಡಿದು ಉತ್ತರ ಐರ್ಲೆಂಡಿಗೆ ಹೋಗಬೇಕು. ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ. 1975ರ ಜುಲೈ 31ರ ನಸುಕಿನಲ್ಲಿ, ‘ಮಯಾಮಿ ಶೋಬ್ಯಾಂಡ್’ ಎಂಬ ಜನಪ್ರಿಯ ತಂಡ ಕಾರ್ಯಕ್ರಮ ಮುಗಿಸಿ ಡಬ್ಲಿನ್‌ಗೆ ಮರಳುತ್ತಿದ್ದಾಗ, ಬಂದೂಕುಧಾರಿಗಳು ಅವರ ವಾಹನ ತಡೆದು ಮೂವರು ಕಲಾವಿದರನ್ನು ಕೊಂದರು. ಆ ತಂಡದಲ್ಲಿ ಎರಡೂ ಪಂಗಡದವರಿದ್ದರು. ಹೊರದೇಶದ ಗಾಯಕರು ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಇಂಥಲ್ಲಿಗೆ 1976ರ ನವೆಂಬರ್‌ನಲ್ಲಿ ಪ್ರೈಡ್ ಬಂದು ಬೆಲ್‌ಫಾಸ್ಟ್‌ನ ರಿಟ್ಜ್ ಚಿತ್ರಮಂದಿರದಲ್ಲಿ ಹಾಡಿದ. ಹೊರಗೆ ಒಂದೇ ರಸ್ತೆಯಲ್ಲಿ ನಡೆಯಲು ಹೆದರುತ್ತಿದ್ದ ಎರಡು ಪಂಗಡದ ಜನ ಒಳಗೆ ಅಕ್ಕಪಕ್ಕ ಕೂತರು. ಅಮೆರಿಕದಲ್ಲಿ ಬಿಡಿ ರೆಕಾರ್ಡಾಗಿ ಬಾರದ ಅವನ ‘ಕ್ರಿಸ್ಟಲ್ ಶಾಂಡಲಿಯರ್ಸ್’ ಅಲ್ಲಿ ಎರಡೂ ಕಡೆಯವರ ಬಾಯಲ್ಲಿ ನೆಲೆಸಿತು. ಯುದ್ಧ ನಿಲ್ಲಲಿಲ್ಲ. ಶಾಂತಿ ಒಪ್ಪಂದಕ್ಕೆ 1998ರವರೆಗೆ ಕಾಯಬೇಕಾಯಿತು. ಆದರೂ ಪ್ರೈಡ್ ಬಂದದ್ದನ್ನು ಆ ಊರು ಮರೆಯಲಿಲ್ಲ.

ತನ್ನ ದೇಶದಲ್ಲಿ ಹೋರಾಟದ ಮಾತಾಡದವನು ಬೇರೆಯವರ ಬೆಂಕಿಯೊಳಗೆ ನಡೆದು ಹೋದ. ಮಾತಿನ ಧೈರ್ಯ ಒಂದು, ಹೋಗಿ ನಿಲ್ಲುವ ಧೈರ್ಯ ಇನ್ನೊಂದು. ಪ್ರೈಡ್‌ಗೆ ಇದ್ದದ್ದು ಎರಡನೆಯದು. ಡೆಟ್ರಾಯಿಟ್‌ನ ಆ ಮೌನದ ಮುಂದೆ ನಿಂತದ್ದೂ ಅದೇ ಧೈರ್ಯದಿಂದ. ಹಾಡು ಕಾನೂನನ್ನು ಬದಲಿಸುವುದಿಲ್ಲ, ಹಂಚಿಕೆಯನ್ನು ಸರಿಪಡಿಸುವುದಿಲ್ಲ. ಅದಕ್ಕೆ ಬೇರೆಯದೇ ದುಡಿಮೆ ಬೇಕು. ಆದರೆ ಕೇಳುವವನ ಕಿವಿಗೂ ಅವನ ಪೂರ್ವಗ್ರಹಕ್ಕೂ ನಡುವೆ ಒಂದು ಕ್ಷಣದ ಬಿರುಕನ್ನು ಅದು ಮಾಡಬಲ್ಲದು. ಆ ಬಿರುಕಿನಲ್ಲಿ ಏನು ಬಿತ್ತಬೇಕೆಂಬುದು ಕೇಳುಗನಿಗೆ ಬಿಟ್ಟದ್ದು.

2020ರ ನವೆಂಬರ್ 11ರಂದು ನ್ಯಾಶ್‌ವಿಲ್‌ನಲ್ಲಿ ಅವನಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ಕೊಟ್ಟರು. ಜಿಮ್ಮಿ ಆಲನ್ ಎಂಬ ಯುವ ಕಪ್ಪು ಗಾಯಕನ ಜೊತೆ ತನ್ನ ಹಳೆಯ ಹಾಡನ್ನು ಆತ ಹಾಡಿದ. ಒಂದು ತಿಂಗಳ ಬಳಿಕ, ಡಿಸೆಂಬರ್ 12ರಂದು, ಕೋವಿಡ್‌ನಿಂದಾಗಿ 86ನೆಯ ವಯಸ್ಸಿನಲ್ಲಿ ತೀರಿಕೊಂಡ. 2024ರಲ್ಲಿ ಬಿಯಾನ್ಸೆ ಎಂಬ ಕಪ್ಪು ಗಾಯಕಿ ‘ಕೌಬಾಯ್ ಕಾರ್ಟರ್’ ಎಂಬ ಆಲ್ಬಂ ತಂದಾಗ, ಎಂಬತ್ತು ದಾಟಿದ ಲಿಂಡಾ ಮಾರ್ಟೆಲ್‌ಳ ದನಿಯನ್ನೂ ಅದರಲ್ಲಿ ಸೇರಿಸಿಕೊಂಡಳು. ಇದು ಕಂಟ್ರಿ ಹೌದೋ ಅಲ್ಲವೋ ಎಂಬ ತಕರಾರು ಆಗಲೂ ಎದ್ದಿತು. 2025ರಲ್ಲಿ ಆ ಆಲ್ಬಮಿಗೆ ಕಂಟ್ರಿ ವಿಭಾಗದ ಗ್ರ್ಯಾಮಿ ಪ್ರಶಸ್ತಿಯೂ ವರ್ಷದ ಆಲ್ಬಂ ಪ್ರಶಸ್ತಿಯೂ ಬಂದವು.

ಚಿತ್ರವಿಲ್ಲದ ಲಕೋಟೆಯಿಂದ ಇಲ್ಲಿಯವರೆಗೆ ಸುಮಾರು ಅರವತ್ತು ವರ್ಷ. ಇಷ್ಟು ವರ್ಷವೂ ಹಾಡುವವರನ್ನೇ ಪರೀಕ್ಷೆಗೆ ನಿಲ್ಲಿಸಿದ್ದಾಯಿತು. ಅವರು ಯಾರ ಹಾಗೆ ಹಾಡುತ್ತಾರೆ, ಯಾರ ಪರವಾಗಿ ಹಾಡುತ್ತಾರೆ, ಯಾಕೆ ಸುಮ್ಮನಿದ್ದಾರೆ ಎಂದೆಲ್ಲ ಕೇಳಿದ್ದಾಯಿತು. ಕೇಳುವ ಕುರ್ಚಿಯಲ್ಲಿ ಕೂತ ನಾವು, ಹೆಸರೋ ಮುಖವೋ ಗೊತ್ತಾದ ಕೂಡಲೇ ನಮ್ಮ ಚಪ್ಪಾಳೆ ಯಾಕೆ ನಿಲ್ಲುತ್ತದೆ ಎಂದು ನಮ್ಮನ್ನೇ ಕೇಳಿಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ.