ಕೇಳುತ್ತಿರುವವರು ಯಾರು?

ಮಳೆಗೆ ತನ್ನದೆಂಬ ಸದ್ದಿಲ್ಲ. ಮುಗಿಲಿನಿಂದ ಹೊರಟ ಹನಿ ಏನಕ್ಕಾದರೂ ತಾಗುವವರೆಗೆ ಹೆಚ್ಚುಕಡಿಮೆ ಸುಮ್ಮನೆಯೇ ಬರುತ್ತದೆ. ತಗಡಿಗೆ ತಾಗಿದರೆ ಒಂದು ದನಿ, ಹೆಂಚಿಗೆ ತಾಗಿದರೆ ಇನ್ನೊಂದು. ಕೆಸುವಿನ ಎಲೆ, ಬಿಚ್ಚಿದ ಕೊಡೆ, ತುಂಬಿದ ಕೆರೆ, ಒಣ ಮಣ್ಣು ಎಲ್ಲವೂ ಬೇರೆ ಬೇರೆ ಮಳೆಗಳು. ಸಿನಿಮಾಕ್ಕೆ ಧ್ವನಿ ವಿನ್ಯಾಸ ಮಾಡುವುದನ್ನು ಕಲಿಯಲು ಹೊರಟವರಿಗೆ ಇದು ಬೇಗ ಗೊತ್ತಾಗುತ್ತದೆ. ಕಂಪ್ಯೂಟರಿನ ಧ್ವನಿ ಸಂಗ್ರಹದಲ್ಲಿ ಮಳೆ ಎಂದು ಹುಡುಕಿದರೆ ಪುಟಗಟ್ಟಲೆ ಸಿಗುತ್ತದೆ. ಅವುಗಳಲ್ಲಿ ಬಹುಪಾಲು ಬಾಣಲೆಯಲ್ಲಿ ಏನೋ ಕರಿಯುತ್ತಿರುವ ಹಾಗೆ ಕೇಳಿಸುತ್ತದೆ. ಯಾವ ಮಳೆ, ಯಾವುದರ ಮೇಲೆ, ಎಷ್ಟು ದೂರದಲ್ಲಿ ಎಂಬುದು ತಿಳಿಯದೆ 'ಇಲ್ಲಿಗೊಂದು ಮಳೆ ಹಾಕಿ' ಎಂದರೆ ಹಾಕಲಾಗುವುದು ಆ ಕರಿಯುವ ಸದ್ದನ್ನೇ.

ಆದರೆ ಯಾವುದರ ಮೇಲೆ ಬೀಳುತ್ತಿದೆ ಎಂದು ತಿಳಿದರೂ ಸಾಲದು ಎಂಬುದು ನನಗೆ ಹೊಳೆದದ್ದು ಶಿರಸಿ ಬದಿಯ ನಮ್ಮ ಅತ್ತೆಯ ಮನೆಯಲ್ಲಿ. ಆಷಾಢದ ಒಂದು ರಾತ್ರಿ ಜಗಲಿಯ ಮೇಲೆ ರೆಕಾರ್ಡರ್ ಇಟ್ಟು, ಮೈಕಿಗೆ ಗಾಳಿ ತಾಗದಂತೆ ತುಪ್ಪಳದ ಹೊದಿಕೆ ಹಾಕಿ, ಬಹಳ ಹೊತ್ತು ಮಳೆಯನ್ನು ಹಿಡಿದೆ. ಬೆಳಿಗ್ಗೆ ಅತ್ತೆಯ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಅವರು ಮುಖ ಕಿವುಚಿದರು. "ಎಂತದೇ ಇದು ಕೂಸೆ, ನಮ್ಮನೆಲಿ ಇಷ್ಟೆಲ್ಲಾ ಗಲಾಟೆ ಎಲ್ಲಿದ್ದು?" ಎಂದರು. ಧ್ವನಿಮುದ್ರಣದಲ್ಲಿ ಎಲ್ಲವೂ ಇತ್ತು. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ಗೋಡೆ ಗಡಿಯಾರ, ಅಡಿಕೆ ತೋಟದ ಕಪ್ಪೆಗಳು, ದೂರದ ರಸ್ತೆಯಲ್ಲಿ ಏರು ಹತ್ತುವ ಲಾರಿ, ಸೂರಿನ ದೋಣಿಯಿಂದ ಅಂಗಳಕ್ಕೆ ಧುಮುಕುವ ನೀರು. ಹಾಗಾದರೆ ರಾತ್ರಿ ನಿಮಗೆ ಕೇಳಿಸಿದ್ದೇನು ಎಂದು ಕೇಳಿದೆ. "ಯಂಗೆ ಕೊಟ್ಗೆ ಬದಿಗೆ ನೀರು ಹೋಗ ಸದ್ದೊಂದೇ ಕೇಳ್ತು" ಎಂದರು. ಕೊಟ್ಟಿಗೆಯಲ್ಲಿ ಎಳೆಗರು ಇತ್ತು. ಕಾಲುವೆ ಕಟ್ಟಿಕೊಂಡು ನೀರು ಒಳಗೆ ನುಗ್ಗಿದರೆ ಕರು ಚಳಿಗೆ ನಡುಗುತ್ತದೆ. ರಾತ್ರಿಯಿಡೀ ಅವರ ನಿದ್ದೆಯ ಒಂದು ತುದಿ ಆ ಕಾಲುವೆಗೆ ಕಟ್ಟಿಹಾಕಿಕೊಂಡಿತ್ತು.

ನನ್ನ ಕಡತದಲ್ಲಿ ಆ ಕಾಲುವೆಯ ಸದ್ದು ಇತ್ತೇ? ಇತ್ತು. ಹುಡುಕಿದರೆ ಸಿಗುವಷ್ಟು ಸಣ್ಣದಾಗಿತ್ತು. ಮೈಕಿನ ಲೆಕ್ಕ ಸರಳ: ತೆರೆದ ಬಯಲಿನಲ್ಲಿ ಸದ್ದಿನ ಮೂಲದಿಂದ ಇರುವ ದೂರ ಇಮ್ಮಡಿಯಾದರೆ ಅದರ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಹತ್ತಿರದ ಫ್ರಿಜ್ಜು ದೊಡ್ಡದು, ದೂರದ ಕಾಲುವೆ ಸಣ್ಣದು. ಮನುಷ್ಯರ ಕಿವಿಯ ಲೆಕ್ಕ ಇದಲ್ಲ. ಮದುವೆ ಮನೆಯಲ್ಲಿ ವಾಲಗದವರು ಗಟ್ಟಿಮೇಳ ಬಾರಿಸುತ್ತಿರುವಾಗಲೂ ಛತ್ರದ ಆ ಮೂಲೆಯಲ್ಲಿ ಯಾರೋ ನಮ್ಮ ಹೆಸರೆತ್ತಿದರೆ ತಿರುಗಿ ನೋಡುತ್ತೇವೆ. 1953ರಲ್ಲಿ ಕಾಲಿನ್ ಚೆರಿ ಎಂಬ ವಿಜ್ಞಾನಿ ಎರಡು ಕಿವಿಗೆ ಎರಡು ಬೇರೆ ಮಾತುಗಳನ್ನು ಏಕಕಾಲಕ್ಕೆ ಕೇಳಿಸಿ, ಮನಸ್ಸು ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟುಬಿಡುವ ಬಗೆಯನ್ನು ಪರೀಕ್ಷಿಸಿದ. ಅದಕ್ಕೆ 'ಕಾಕ್‌ಟೇಲ್ ಪಾರ್ಟಿ' ಸಮಸ್ಯೆ ಎಂಬ ಹೆಸರು ಬಿತ್ತು. ಕೇಳುವುದೆಂದರೆ ಬಿಡುವುದೂ ಹೌದು. ಮೈಕಿಗೆ ಈ ಬಿಡುವ ಕೆಲಸ ಬರುವುದಿಲ್ಲ. ಹಾಗಾಗಿ ರೆಕಾರ್ಡ್ ಮಾಡಿದ್ದು ಎಷ್ಟೇ ಶುದ್ಧವಾಗಿದ್ದರೂ, 48 ಕಿಲೋಹರ್ಟ್ಸ್, 24 ಬಿಟ್ ಎಂದು ಎಷ್ಟೇ ನಿಖರವಾಗಿ ಹಿಡಿದಿದ್ದರೂ, ಅದನ್ನು ಇನ್ನೂ ಯಾರೂ ಕೇಳಿಲ್ಲ. ಕೇಳುವ ಕೆಲಸ ಎಡಿಟಿಂಗ್ ಮೇಜಿನ ಮೇಲೆ ಶುರುವಾಗುತ್ತದೆ.

ಅಲ್ಲಿಂದ ಮುಂದೆ ಯಾವ ದೃಶ್ಯವನ್ನು ತೆಗೆದುಕೊಂಡರೂ ನನ್ನ ಮೊದಲ ಪ್ರಶ್ನೆ 'ಇಲ್ಲಿ ಯಾವ ಯಾವ ಸದ್ದುಗಳಿವೆ' ಎಂಬುದಾಗಿ ಉಳಿಯಲಿಲ್ಲ. ಇದನ್ನು ಕೇಳುತ್ತಿರುವವರು ಯಾರು ಎಂಬುದಾಯಿತು. ಪ್ರಶ್ನೆ ಬದಲಾದದ್ದೇ ತಡ, ಹಿಂದೆ ನೋಡಿದ ಸಿನಿಮಾಗಳೂ ಬೇರೆಯಾಗಿ ಕೇಳತೊಡಗಿದವು.

1972ರ 'ದಿ ಗಾಡ್‌ಫಾದರ್'ನಲ್ಲಿ ಮೈಕೆಲ್ ಹೋಟೆಲಿನ ಮೇಜಿಗೆ ಮರಳಿ ಬಂದು ಕೂರುತ್ತಾನೆ. ಜೇಬಿನಲ್ಲಿ ಪಿಸ್ತೂಲಿದೆ. ಎದುರಿಗಿರುವವನು ಇಟಾಲಿಯನ್ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದಾನೆ. ಆಗ ರೈಲಿನ ಗಾಲಿಗಳು ಹಳಿಗೆ ಉಜ್ಜುವ ಕರ್ಕಶ ಸದ್ದು ಏರುತ್ತ ಏರುತ್ತ ಆ ಮಾತನ್ನು ನುಂಗಿಬಿಡುತ್ತದೆ. ತೆರೆಯ ಮೇಲೆ ಎಲ್ಲಿಯೂ ರೈಲಿಲ್ಲ. ಆ ಸದ್ದಿನ ಹಿಂದೆ ಇದ್ದವರು ವಾಲ್ಟರ್ ಮರ್ಚ್. ಊರಿನ ಆ ಭಾಗದಲ್ಲಿ ಎತ್ತರದ ಹಳಿಯ ಮೇಲೆ ರೈಲು ಹಾದುಹೋಗುವುದು ಅಸಹಜವೇನಲ್ಲ, ಆದ್ದರಿಂದ ನಾವು ಪ್ರಶ್ನಿಸದೆ ಒಪ್ಪುತ್ತೇವೆ. ಆದರೆ ಹೋಟೆಲಿನಲ್ಲಿರುವ ಬೇರೆ ಯಾರಿಗೂ ಅದು ಹಾಗೆ ಕೇಳುತ್ತಿಲ್ಲ. ಮೊದಲ ಕೊಲೆಗೆ ಕೈ ಹಾಕಲಿರುವವನ ತಲೆಯೊಳಗೆ ನಮ್ಮನ್ನು ಕೂರಿಸಿದ ಸದ್ದು ಅದು. ಸಂಗೀತ ಬರುವುದು ಗುಂಡು ಹಾರಿದ ಮೇಲೆ, ಅವನು ಪಿಸ್ತೂಲು ಕೆಳಗೆ ಬಿಟ್ಟ ಮೇಲೆ. ಅಲ್ಲಿಯವರೆಗೆ ಸಂಗೀತ ಇದ್ದಿದ್ದರೆ ನಾವು ಅವನನ್ನು ಹೊರಗಿನಿಂದ ನೋಡುತ್ತಿದ್ದೆವು.

ಸತ್ಯಜಿತ್ ರೇ ಅವರ 'ಪಥೇರ್ ಪಾಂಚಾಲಿ' ಇದಕ್ಕಿಂತ 17 ವರ್ಷ ಹಿಂದಿನದು. ಅಪು ಮತ್ತು ದುರ್ಗಾ ಬಯಲಿನಲ್ಲಿ ಕಂಬದ ತಂತಿಗಳ ಗುಂಯ್ ಎನ್ನುವ ನಾದಕ್ಕೆ ಕಿವಿ ಕೊಡುವುದು ಎಲ್ಲರಿಗೂ ನೆನಪಿರುತ್ತದೆ. ಅದು ಮಕ್ಕಳ ಕಿವಿ. ದೊಡ್ಡವರಿಗೆ ಆ ಗುಂಯ್‌ಕಾರ ಇಲ್ಲವೇ ಇಲ್ಲ. ಅದೇ ಚಿತ್ರದ ಕೊನೆಯ ಭಾಗದಲ್ಲಿ, ದುರ್ಗಾ ತೀರಿಕೊಂಡದ್ದು ತಿಳಿಯದ ತಂದೆ ಊರಿಂದ ಬಂದು ಮಗಳಿಗೆಂದು ತಂದ ಸೀರೆಯನ್ನು ತಾಯಿಯ ಕೈಗೆ ಕೊಡುತ್ತಾನೆ. ತಾಯಿ ಕುಸಿಯುತ್ತಾಳೆ, ಬಾಯಿ ತೆರೆದು ಅಳುತ್ತಾಳೆ. ಆದರೆ ನಮಗೆ ಕೇಳುವುದು ಅಳುವಲ್ಲ, ತಾರ್ ಶೆಹನಾಯಿಯ ಎತ್ತರದ ಸ್ವರ. ಸಂಗೀತ ರವಿಶಂಕರ್ ಅವರದು. ಎಷ್ಟೋ ಸಲ ಇದನ್ನು ನೋಡಿದ್ದೇನೆ, ಪ್ರತಿಸಲವೂ ನಡುಗಿದ್ದೇನೆ. ನಿಜವಾದ ಅಳುವನ್ನೇ ಕೇಳಿಸಿದ್ದರೆ ನಾವು ಪಕ್ಕದ ಮನೆಯವರ ಹಾಗೆ, ಮರುಗುತ್ತ, ಬಾಗಿಲಲ್ಲಿ ನಿಂತಿರುತ್ತಿದ್ದೆವು. ಅಳುವಿನ ಸದ್ದನ್ನು ತೆಗೆದದ್ದರಿಂದ ಬಾಗಿಲಲ್ಲಿ ನಿಲ್ಲುವ ಜಾಗವೇ ಇಲ್ಲವಾಯಿತು. ಹೀಗೆಂದು ನಾನು ಓದಿಕೊಂಡಿದ್ದೇನೆ; ಬೇರೆಯವರು ಬೇರೆ ರೀತಿ ಓದಬಹುದು.

ನಮ್ಮ ಸಿನಿಮಾ ಈ ಪ್ರಶ್ನೆಯನ್ನು ಬಹುಕಾಲ ಕೇಳಿಕೊಳ್ಳಲಿಲ್ಲ ಎಂದು ನನಗೆ ಅನ್ನಿಸುತ್ತದೆ, ಅದಕ್ಕೆ ಕಾರಣಗಳೂ ಇವೆ. 1934ರ 'ಸತಿ ಸುಲೋಚನಾ', ಕನ್ನಡದ ಮೊದಲ ವಾಕ್ಚಿತ್ರ, ಕೊಲ್ಹಾಪುರದಲ್ಲಿ ತಯಾರಾಯಿತು. ಹಿನ್ನೆಲೆ ಗಾಯನ ಆಗಿನ್ನೂ ಬಂದಿರಲಿಲ್ಲ. ಮಾತಿರಲಿ ಹಾಡಿರಲಿ, ಕ್ಯಾಮೆರಾದ ಮುಂದೆಯೇ ಆಡಬೇಕು, ಹಾಡಬೇಕು. ಆಮೇಲೆ ಕ್ಯಾಮೆರಾ ಹೊರಾಂಗಣಕ್ಕೆ ಹೊರಟಿತು. ಹಗುರವಾದ ಆರಿಫ್ಲೆಕ್ಸ್ ಕ್ಯಾಮೆರಾಗಳು ಬಂದವು, ಓಡುವಾಗ ಅವು ಗರಗರ ಎನ್ನುತ್ತಿದ್ದವು. ಸ್ಥಳದಲ್ಲಿ ಹಿಡಿದದ್ದು ಬರೀ ಪೈಲಟ್ ಟ್ರ್ಯಾಕ್, ಅಂದರೆ ಡಬ್ಬಿಂಗಿಗೆ ಗುರುತು. ನಂತರ ಕಲಾವಿದರು ಸ್ಟುಡಿಯೊಗೆ ಬಂದು ತಮ್ಮ ತುಟಿಗೆ ತಾವೇ ಮಾತು ಹೊಂದಿಸುತ್ತಿದ್ದರು. ಪೈಲಟ್ ಟ್ರ್ಯಾಕನ್ನು ಎಸೆದಾಗ ಅದರ ಜೊತೆಗೆ ಆ ಜಾಗವೂ ಹೋಗುತ್ತದೆ. ಕೋಣೆಯ ಉಸಿರು, ನೆಲದ ಗುಣ, ಬೀದಿಯ ದೂರ ಯಾವುದೂ ಉಳಿಯುವುದಿಲ್ಲ. ಆ ಬರಿದನ್ನು ತುಂಬಲು ಸಂಗ್ರಹದ ಎಫೆಕ್ಟ್ಸ್, ಅದರ ಮೇಲೆ ರೀರೆಕಾರ್ಡಿಂಗಿನ ಸಂಗೀತ. ರಾತ್ರಿಯೆಂದರೆ ಜೀರುಂಡೆ, ಹಳ್ಳಿಯೆಂದರೆ ಕೋಳಿ ಮತ್ತು ದನ, ಬೆಂಗಳೂರೆಂದರೆ ಹಾರನ್. ಮಂಡ್ಯದ ಕಬ್ಬಿನ ಗದ್ದೆಯ ರಾತ್ರಿಗೂ ಗದಗದ ಎರೆಹೊಲದ ರಾತ್ರಿಗೂ ಅದೇ ಜೀರುಂಡೆ. ಮಾಗಿಯ ಬೆಳಗಿನಲ್ಲಿ ಕೋಗಿಲೆ ಮನಸಾರೆ ಕೂಗುವುದನ್ನೂ ಕೇಳಿದ್ದೇನೆ. ಹಕ್ಕಿ ಬಲ್ಲವರಿಗೆ ಮಾತ್ರ ಇದು ನೋಯುತ್ತದೆ ಎಂದುಕೊಳ್ಳಬಾರದು. ಹೆಸರು ಗೊತ್ತಿಲ್ಲದವರಿಗೂ ಎಲ್ಲೋ ಏನೋ ಸುಳ್ಳಾಗುತ್ತದೆ.

2001ರಲ್ಲಿ 'ಲಗಾನ್' ದೊಡ್ಡ ಪ್ರಮಾಣದಲ್ಲಿ ಸಿಂಕ್ ಸೌಂಡ್, ಅಂದರೆ ಚಿತ್ರೀಕರಣದ ಹೊತ್ತಿಗೇ ಸ್ಥಳದಲ್ಲಿ ಹಿಡಿದ ಧ್ವನಿ, ಬಳಸಿದ ಮೇಲೆ ಹಿಂದಿಯಲ್ಲಿ ಗಾಳಿ ತಿರುಗಿತು. ಕನ್ನಡದಲ್ಲಿ ಈ ಬಗ್ಗೆ ಮಾತಾಡುವಾಗ ನನಗೆ 'ತಿಥಿ' ನೆನಪಾಗುತ್ತದೆ. ವೃತ್ತಿನಟರಲ್ಲದ ಊರವರು, ಅವರದೇ ಮಂಡ್ಯ ಸೀಮೆಯ ಮಾತು. ಅಲ್ಲಿ ಒಬ್ಬರ ಮಾತು ಮುಗಿಯುವ ಮುಂಚೆಯೇ ಇನ್ನೊಬ್ಬರು ಶುರುಮಾಡುತ್ತಾರೆ. ಹಾಗೆ ಮೇಲೆ ಮೇಲೆ ಬೀಳುವ ಮಾತನ್ನು ಡಬ್ಬಿಂಗ್ ಕೋಣೆಯಲ್ಲಿ ಹುಟ್ಟಿಸುವುದು ಬಹಳ ಕಷ್ಟ. ಸಿಂಕ್ ಸೌಂಡ್ ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. ಸ್ಥಳದಲ್ಲೇ ಹಿಡಿದದ್ದೂ ನನ್ನ ಶಿರಸಿಯ ಮಳೆಯ ಹಾಗೆ ಎಲ್ಲವನ್ನೂ ತುಂಬಿಕೊಂಡ ಗದ್ದಲವಾಗಿ ಉಳಿಯಬಹುದು. ಅದೇ ರೀತಿ, ಇಡೀ ಡಬ್ ಆದ ಚಿತ್ರವೂ ಯಾರದೋ ಕಿವಿಯಿಂದ ಕೇಳಿಸಿಕೊಂಡದ್ದಾಗಿದ್ದರೆ ಜೀವ ಪಡೆಯುತ್ತದೆ. ಬಿ.ವಿ. ಕಾರಂತರು ರಂಗಭೂಮಿಯಲ್ಲಿ ಕಲ್ಲು, ಕಟ್ಟಿಗೆ, ಕರಟಗಳಿಂದ ನಾದ ಹೊರಡಿಸಿದವರು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ'ದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರೂ ಅವರೇ. ಸದ್ದು ಮತ್ತು ಸಂಗೀತದ ನಡುವಿನ ಬೇಲಿಯನ್ನು ಅವರು ಅಷ್ಟಾಗಿ ಲೆಕ್ಕಿಸಲಿಲ್ಲ. ಆ ದಾರಿ ನಮ್ಮಲ್ಲೇ ಇತ್ತು, ಬಹುಮಂದಿ ಅದರಲ್ಲಿ ನಡೆಯಲಿಲ್ಲ.

ಫೋಲಿ ಕೋಣೆಯಲ್ಲಿ ಈ ಪ್ರಶ್ನೆ ಇನ್ನೂ ಹತ್ತಿರಕ್ಕೆ ಬರುತ್ತದೆ. ಹೆಜ್ಜೆ, ಬಳೆ, ಸೀರೆಯ ಸರಸರ, ಲೋಟ ಇಡುವ ಸದ್ದು, ಇವನ್ನೆಲ್ಲ ಚಿತ್ರ ನೋಡುತ್ತ ಕೈಯಾರೆ ಮಾಡಿ ಹಿಡಿಯುವ ಕೆಲಸ ಅದು. ಗಂಡಸೊಬ್ಬ ರಾತ್ರಿ ಮನೆಗೆ ಬರುತ್ತಾನೆ, ಗೇಟಿನ ಚಿಲಕ ತೆಗೆಯುತ್ತಾನೆ. ಚಿಲಕಕ್ಕೆ ಒಂದು ಸದ್ದು ಸಾಕಲ್ಲ? ಸಾಲದು. ಒಳಗೆ ಮಲಗಿರುವ ಮಗು ಅಪ್ಪ ಇವತ್ತು ಕುಡಿದಿದ್ದಾನೋ ಇಲ್ಲವೋ ಎಂಬುದನ್ನು ಆ ಚಿಲಕದಿಂದಲೇ ಅಳೆಯುತ್ತಿದ್ದರೆ, ಕಬ್ಬಿಣ ಕಬ್ಬಿಣಕ್ಕೆ ತಾಗುವ ಮುಂಚಿನ ತಡಕಾಟ ಕೇಳಬೇಕು, ಕೈ ಜಾರಿ ಎರಡನೆಯ ಸಲ ಹುಡುಕುವುದು ಕೇಳಬೇಕು. ಆ ಹೊತ್ತಿನಲ್ಲಿ ಬೀದಿಯ ನಾಯಿಗಳು ಬೊಗಳುತ್ತಿದ್ದರೂ ಮಗುವಿಗೆ ಅವಿಲ್ಲ. ಅದೇ ಚಿಲಕವನ್ನು ಹೆಂಡತಿಯ ಕಿವಿಯಿಂದ ಕೇಳಿದರೆ ಬೇರೆ ಆದೀತು, ಏಕೆಂದರೆ ಆಕೆ ಚಿಲಕಕ್ಕಿಂತ ಮುಂಚೆ ಬೈಕು ನಿಂತ ರೀತಿಯಲ್ಲೇ ವಿಷಯ ತಿಳಿದಿರುತ್ತಾಳೆ.

ಹಾಗಾದರೆ ಇನ್ನೊಬ್ಬರ ಕಿವಿ ನನಗೆ ಸಿಗುವುದು ಹೇಗೆ? ಊಹೆಯಿಂದ ಅಷ್ಟಿಷ್ಟು ಸಿಗುತ್ತದೆ. ಉಳಿದದ್ದನ್ನು ಹೋಗಿ ಕೇಳಬೇಕು. ನಮ್ಮ ತಂಡ ಮಾಡುತ್ತಿರುವ ಕಿರುಚಿತ್ರದಲ್ಲಿ ಒಬ್ಬ ಬೈಕ್ ಮೆಕ್ಯಾನಿಕ್ ಇದ್ದಾನೆ. ಹಾಗಾಗಿ ಮಾಗಡಿ ರಸ್ತೆಯ ಒಂದು ಗ್ಯಾರೇಜಿನಲ್ಲಿ ಕೂತು ಬರುತ್ತೇನೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳುತ್ತಾರೆ. ನಾನೂ ಇಟ್ಟುಕೊಂಡೆ. ಬೀದಿಯ ಬಸ್ಸು, ಪಕ್ಕದ ವೆಲ್ಡಿಂಗ್ ಅಂಗಡಿ ಎಲ್ಲ ಹಿಂದೆ ಸರಿದು, ಲೋಹದೊಳಗಿನ ಒಂದು ಟಿಕ್‌ಟಿಕ್ ಮಾತ್ರ ಮುಂದೆ ಬಂತು. "ಕೇಳ್ತಾ ಮೇಡಂ? ಟ್ಯಾಪೆಟ್ ಅದು. ಗಾಡಿ ಓನರ್‌ಗೆ ಅದು ಕೇಳೋದೇ ಇಲ್ಲ, ಅವರಿಗೆ ಬರೀ ಪಿಕಪ್ ಕಮ್ಮಿ ಅಂತ ಗೊತ್ತು" ಎಂದರು. ಚೈನ್ ಸಡಿಲವಾದ ಸದ್ದು ಹೇಗೆ, ಬೇರಿಂಗ್ ಹೋದದ್ದು ಹೇಗೆ ಎಂದು ಬಾಯಲ್ಲೇ ಮಾಡಿ ತೋರಿಸಿದರು. ಕಾಂಟ್ಯಾಕ್ಟ್ ಮೈಕನ್ನು ಎಂಜಿನ್ನಿಗೆ ಅಂಟಿಸಿ ಆ ಟಿಕ್‌ಟಿಕ್ಕನ್ನು ಹಿಡಿದಿದ್ದೇನೆ. ಅದನ್ನು ಕೇಳಿಸಿದಾಗ ಅವರು ತಲೆದೂಗಿದರು, ಎಂಜಿನ್ ಎಷ್ಟು ಓಡಿರಬಹುದು ಎಂದು ಅಂದಾಜನ್ನೂ ಹೇಳಿದರು.

ಕಷ್ಟ ಇರುವುದು ಇನ್ನು ಮುಂದೆ. ಸಿನಿಮಾ ನೋಡುವವರು ಮೆಕ್ಯಾನಿಕ್‌ಗಳಲ್ಲ. ದೃಶ್ಯ 14ರಲ್ಲಿ, ತುಂಬಿದ ಸಿಗ್ನಲ್ಲಿನಲ್ಲಿ ನಿಂತ ನಮ್ಮ ಪಾತ್ರಕ್ಕೆ ಹಿಂದಿನಿಂದ ಬರುತ್ತಿರುವ ಬೈಕು ತನ್ನ ಮಗನದೇ ಎಂದು ಸದ್ದಿನಿಂದ ಗೊತ್ತಾಗಬೇಕು. ಅವನು ತಿರುಗುವ ಮುಂಚೆ ಅದು ನಮಗೂ ಗೊತ್ತಾಗಬೇಕು. ಅಲ್ಲಿ ಟಿಕ್‌ಟಿಕ್ಕನ್ನು ಬರೀ ಜೋರು ಮಾಡಿದರೆ ಅದು ಪ್ರೇಕ್ಷಕರ ಮೊಣಕೈ ತಿವಿದ ಹಾಗಾಗುತ್ತದೆ. ಆದ್ದರಿಂದ ದೃಶ್ಯ 3ರಲ್ಲಿ, ಗ್ಯಾರೇಜಿನಲ್ಲಿ ಅವನು ಮಗನ ಬೈಕಿಗೆ ಸ್ಕ್ರೂಡ್ರೈವರ್ ಒತ್ತಿದಾಗ, ಉಳಿದ ಟ್ರ್ಯಾಕುಗಳನ್ನೆಲ್ಲ ನಿಧಾನವಾಗಿ ಇಳಿಸಿ ಆ ಸದ್ದೊಂದನ್ನೇ ಕೆಲವು ಸೆಕೆಂಡು ಬಿಡುವುದೆಂದು ನಿರ್ದೇಶಕರೊಡನೆ ಮಾತಾಗಿದೆ. ಆ ಜಾಗಕ್ಕೆ ಮೊದಲು ಗೊತ್ತುಮಾಡಿದ್ದ ಸಂಗೀತವನ್ನು ಅವರು ತೆಗೆದುಹಾಕಿದ್ದಾರೆ. ದೃಶ್ಯ 3ರಲ್ಲಿ ಒಮ್ಮೆ ಕಲಿತರೆ ದೃಶ್ಯ 14ರಲ್ಲಿ, ನೂರು ವಾಹನಗಳ ನಡುವೆ, ಪ್ರೇಕ್ಷಕರು ಅದನ್ನು ತಾವೇ ಹೆಕ್ಕಿಕೊಳ್ಳುತ್ತಾರೋ ಇಲ್ಲವೋ ಎಂಬುದು ಮುಂದಿನ ವಾರದ ಮಿಕ್ಸಿಂಗಿನಲ್ಲಿ ತಿಳಿಯುತ್ತದೆ.